ಎಲ್ಲದಕ್ಕೂ ಒಂದೇ ‘ಪ್ರಾಯೋಗಿಕ’

ಮೊನ್ನೆ ಒಂದು ಅಧ್ಯಯನ ವರದಿಯ ಕನ್ನಡ ಸಾರಾಂಶ ಓದುತ್ತಿದ್ದೆ. ಜನಗಣತಿಯ ಕೋಷ್ಟಕಗಳನ್ನೂ ಕೂಲಿ ದರದ ಹಳೆಯ ದಾಖಲೆಗಳನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದ ಕೆಲಸ ಅದು. ಮೊದಲ ಸಾಲಿನಲ್ಲೇ ‘ಇದೊಂದು ಪ್ರಾಯೋಗಿಕ ಸಂಶೋಧನೆ’ ಎಂದಿತ್ತು. ಪ್ರಯೋಗ ಮಾಡಿದ್ದು ಯಾರ ಮೇಲೆ ಎಂದು ಹುಡುಕಿದೆ. ಯಾರ ಮೇಲೂ ಅಲ್ಲ. ಮೂಲದಲ್ಲಿದ್ದದ್ದು ‘ಎಂಪಿರಿಕಲ್’, ಅಂದರೆ ಕಂಡು ಅಳೆದದ್ದನ್ನು ಆಧರಿಸಿದ್ದು. ಅನುವಾದಿಸಿದವರ ಕೈಗೆ ಸಿಕ್ಕಿದ್ದು ‘ಪ್ರಾಯೋಗಿಕ’. ಮೂರು ಪುಟ ದಾಟುವಷ್ಟರಲ್ಲಿ ಅದೇ ಪದ ‘ಎಕ್ಸ್‌ಪೆರಿಮೆಂಟಲ್’ಗೂ ಬಂತು, ‘ಪ್ರಾಕ್ಟಿಕಲ್’ಗೂ ಬಂತು, ಕೊನೆಯ ಶಿಫಾರಸಿನಲ್ಲಿ ‘ಪೈಲಟ್’ಗೂ (ಮೊದಲು ಸಣ್ಣದಾಗಿ ನಡೆಸಿ ನೋಡುವುದು) ಬಂತು. ಒಂದೇ ಅಂಗಿಯನ್ನು ಮನೆಮಂದಿಯೆಲ್ಲ ಸರದಿಯ ಮೇಲೆ ತೊಟ್ಟ ಹಾಗೆ.

ಪದದ್ದೇನೂ ತಪ್ಪಿಲ್ಲ. ಅದರ ಸಂಸ್ಕೃತ ಧಾತು ‘ಯುಜ್’ ಎಂದರೆ ಕೂಡಿಸು, ಹೂಡು. ರಥಕ್ಕೆ ಕುದುರೆ ಹೂಡುತ್ತಾರಲ್ಲ, ಆ ಹೂಡು. ಯೋಗ, ಉದ್ಯೋಗ, ನಿಯೋಗ ಎಲ್ಲವೂ ಅದೇ ಬೇರಿನವು. ‘ಪ್ರ’ ಸೇರಿದರೆ ಮುಂದಕ್ಕೆ ಹೂಡಿದ್ದು, ಅಂದರೆ ಕೆಲಸಕ್ಕೆ ಹಚ್ಚಿದ್ದು. ಅಸ್ತ್ರಪ್ರಯೋಗ, ಪದಪ್ರಯೋಗ, ಕರ್ಮಣಿ ಪ್ರಯೋಗ, ರಂಗಪ್ರಯೋಗ, ಕೊನೆಗೆ ಮಾಟಗಾರನ ಪ್ರಯೋಗ: ಇವೆಲ್ಲದರಲ್ಲೂ ಇರುವುದು ಬಳಕೆಯ ಅರ್ಥ. ‘ಏನಾಗುತ್ತದೋ ನೋಡೋಣ’ ಎಂಬ ಅನುಮಾನ ಯಾವುದರಲ್ಲೂ ಇಲ್ಲ. ಬ್ರಹ್ಮಾಸ್ತ್ರ ಬಿಟ್ಟವನು ಪರೀಕ್ಷೆ ನಡೆಸುತ್ತಿರಲಿಲ್ಲ.

ನಮ್ಮ ಗೊಂದಲದ ಮೂಲವೂ ಇಲ್ಲೇ ಇದೆ ಎಂದು ನನ್ನ ಲೆಕ್ಕ. ಸಂಸ್ಕೃತದಲ್ಲಿ ಶಾಸ್ತ್ರ ಒಂದು ಕಡೆ, ಪ್ರಯೋಗ ಇನ್ನೊಂದು ಕಡೆ. ಓದಿ ತಿಳಿದದ್ದು, ಆಡಿ ತೋರಿಸಿದ್ದು. ಆ ಜೋಡಿ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಇಂಗ್ಲಿಷಿನ ‘ಥಿಯರೆಟಿಕಲ್’ ಎದುರಿಗೆ ಏನೇ ಬಂದರೂ ಕೈ ತಾನಾಗಿ ‘ಪ್ರಾಯೋಗಿಕ’ ಎಂದು ಬರೆಯುತ್ತದೆ. ಆದರೆ ಥಿಯರಿಗೆ ಅಲ್ಲಿ ಎದುರಾಳಿ ಒಬ್ಬನಲ್ಲ. ಆಚರಣೆ ಒಂದು, ಆಧಾರ ಇನ್ನೊಂದು. ಎಂಪಿರಿಕಲ್ ಎನ್ನುವುದು ಎರಡನೆಯದಕ್ಕೆ ಸೇರಿದ್ದು. ಹೊರಗೆ ನಡೆದದ್ದನ್ನು ಗಮನಿಸಿ, ಅಳೆದು, ದಾಖಲಿಸಿ, ಆ ದಾಖಲೆಯ ಬಲದ ಮೇಲೆ ಮಾತಾಡುವುದು. ಅದರಿಂದ ಯಾರಿಗಾದರೂ ಉಪಯೋಗವಾಯಿತೇ, ಅದು ಕಾರ್ಯಸಾಧ್ಯವೇ ಎಂಬುದು ಬೇರೆಯೇ ಪ್ರಶ್ನೆ.

ಗ್ರೀಕಿನ ‘ಎಂಪೈರಿಯಾ’ ಎಂದರೆ ಅನುಭವ. ಅದರೊಳಗಿನ ‘ಪೈರಾ’ಕ್ಕೆ ಯತ್ನ, ಪರೀಕ್ಷೆ ಎಂಬ ಅರ್ಥ ಇದೆ ಎಂದು ಯಾರಾದರೂ ವಾದಕ್ಕೆ ಬರಬಹುದು, ಬರಲಿ, ಪದದ ಅಜ್ಜ ಏನು ಮಾಡುತ್ತಿದ್ದ ಎಂಬುದರಿಂದ ಮೊಮ್ಮಗನ ಕಸುಬು ತೀರ್ಮಾನವಾಗುವುದಿಲ್ಲ. ಪ್ರಾಚೀನ ಗ್ರೀಕರಲ್ಲಿ ‘ಎಂಪಿರಿಕ್’ ಎಂದು ಕರೆಸಿಕೊಂಡ ವೈದ್ಯರ ಒಂದು ಪಂಥವೇ ಇತ್ತು. ರೋಗದ ಕಣ್ಣಿಗೆ ಕಾಣದ ಕಾರಣ ಏನು ಎಂಬ ಊಹೆ ಅವರಿಗೆ ಬೇಡ, ಯಾವ ಮದ್ದಿಗೆ ಯಾವ ರೋಗ ವಾಸಿಯಾದದ್ದನ್ನು ಕಂಡಿದ್ದೇವೆ ಎಂಬುದಷ್ಟೇ ಸಾಕು. ಮುಂದೆ ಇಂಗ್ಲಿಷಿನಲ್ಲಿ ಅದೇ ಪದ ಬೈಗುಳವಾಯಿತು. ಎಂಪಿರಿಕ್ ಎಂದರೆ ಅಳಲೆಕಾಯಿ ಪಂಡಿತ. ಇಂದು ಅರ್ಥಶಾಸ್ತ್ರಜ್ಞರು ಹೆಮ್ಮೆಯಿಂದ ಹಚ್ಚಿಕೊಳ್ಳುವ ಬಿರುದಿನ ಪೂರ್ವಾಶ್ರಮ ಇದು.

‘ಅನುಭವಜನ್ಯ’ ಎನ್ನೋಣವೇ? ಪಂಡಿತರು ಕೊಟ್ಟ ಪದ ಅದೇ, ‘ಆನುಭವಿಕ’ ಎನ್ನುವವರೂ ಇದ್ದಾರೆ. ಹತ್ತಿರದ ಪದವೇ, ಆದರೆ ಕನ್ನಡದಲ್ಲಿ ಅನುಭವ ಎಂದೊಡನೆ ವಚನಕಾರರ ಕಾಲದಿಂದ ಮನಸ್ಸು ಒಳಮುಖವಾಗುತ್ತದೆ. ‘ನನ್ನ ಮೂವತ್ತು ವರ್ಷದ ಅನುಭವದಲ್ಲಿ ಹೇಳುತ್ತೇನೆ’ ಎಂದು ಶುರುವಾಗುವ ಭಾಷಣ ಈ ಅರ್ಥದಲ್ಲಿ ಅನುಭವಜನ್ಯವೇ ಅಲ್ಲ. ಅದನ್ನು ಇನ್ನೊಬ್ಬರು ಪರಿಶೀಲಿಸುವ ದಾರಿ ಎಲ್ಲಿದೆ? ನನ್ನ ಕೇಳಿದರೆ ‘ದತ್ತಾಂಶ ಆಧಾರಿತ’ ಎಂಬುದೇ ಲೇಸು, ಉದ್ದವಾದರೂ ಮೋಸವಿಲ್ಲ. ಲ್ಯಾಟಿನ್ನಿನ ‘ಡೇಟಾ’ ಎಂದರೂ ಕೊಟ್ಟದ್ದು, ಸಂಸ್ಕೃತದ ‘ದತ್ತ’ ಎಂದರೂ ಕೊಟ್ಟದ್ದು, ಧಾತು ಕೂಡ ಒಂದೇ ಮೂಲದ್ದು. ಇಷ್ಟು ಸೊಗಸಾಗಿ ಕೂಡಿಬಂದ ಪಾರಿಭಾಷಿಕ ಪದ ನಮ್ಮಲ್ಲಿ ಅಪರೂಪ.

ವ್ಯತ್ಯಾಸ ಎದ್ದು ಕಾಣುವುದು ಉದಾಹರಣೆಯಲ್ಲಿ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ಒಟ್ಟು 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಗೆ ಮೊದಲೊಮ್ಮೆ, ವರ್ಷದ ಕೊನೆಯಲ್ಲಿ ಇನ್ನೊಮ್ಮೆ ಸಂಪರ್ಕಿಸಿ, ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಕೇಳಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ. 1994ರಲ್ಲಿ ಇದು ಅಚ್ಚಾದ ಮೇಲೆ ಎದ್ದ ಗದ್ದಲ ದೊಡ್ಡದು. ಸಂಬಳದ ದಾಖಲೆಗಳನ್ನು ಹಿಡಿದು ಬೇರೆ ಉತ್ತರ ಕಂಡೆವೆಂದವರೂ ಬಂದರು. ಇದು ಅಪ್ಪಟ ಎಂಪಿರಿಕಲ್ ಸಂಶೋಧನೆ. ಆದರೆ ಸಂಶೋಧಕರು ಯಾವ ಪ್ರಯೋಗವನ್ನೂ ಮಾಡಲಿಲ್ಲ. ವೇತನ ಏರಿಸಿದ್ದು ಕಾನೂನು, ಅವರು ಏರಿಸದ ಪಕ್ಕದವರೊಡನೆ ಹೋಲಿಸಿ ನೋಡಿದರು, ಅಷ್ಟೆ. ಇಂಥದ್ದಕ್ಕೆ ‘ನೈಸರ್ಗಿಕ ಪ್ರಯೋಗ’ ಎಂಬ ಹೆಸರಿದೆ, ಅದು ನನ್ನ ಗೆರೆಯನ್ನು ಸ್ವಲ್ಪ ಅಳಿಸುತ್ತದೆ, ಒಪ್ಪುತ್ತೇನೆ. ಆ ಹೆಸರು ಇರುವುದೇ ಮಾಮೂಲಿ ಪ್ರಯೋಗ ಅಲ್ಲ ಎಂದು ಎಚ್ಚರಿಸಲಿಕ್ಕೆ.

ಇದರ ಪಕ್ಕಕ್ಕೆ ರಾಜಸ್ಥಾನದ ಉದಯಪುರದ ಕೆಲಸ ಇಡಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 134 ಹಳ್ಳಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಿದರು. ಕೆಲವಕ್ಕೆ ನಿಗದಿತ ದಿನ ತಪ್ಪದೆ ಬರುವ ಲಸಿಕೆ ಶಿಬಿರ. ಕೆಲವಕ್ಕೆ ಶಿಬಿರದ ಜೊತೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿಸಿದರೆ ತಟ್ಟೆ. ಉಳಿದವಕ್ಕೆ ಏನೂ ಹೊಸದಿಲ್ಲ. ಪೂರ್ತಿ ಲಸಿಕೆ ಆದ ಮಕ್ಕಳು ಏನೂ ಇಲ್ಲದ ಕಡೆ ಶೇ. 6, ಬರಿಯ ಶಿಬಿರದ ಕಡೆ ಶೇ. 18, ಬೇಳೆ ಕೊಟ್ಟ ಕಡೆ ಶೇ. 39. ಇಲ್ಲಿ ಯಾರಿಗೆ ಏನು ಸಿಗಬೇಕೆಂದು ನಿಶ್ಚಯಿಸಿದ್ದು ಸಂಶೋಧಕರ ಚೀಟಿ. ಇದು ಪ್ರಾಯೋಗಿಕ. ದತ್ತಾಂಶ ಆಧಾರಿತವೂ ಹೌದು. ಪ್ರಯೋಗವೆಲ್ಲ ದತ್ತಾಂಶ ಆಧಾರಿತ, ದತ್ತಾಂಶ ಆಧಾರಿತವಾದದ್ದೆಲ್ಲ ಪ್ರಯೋಗವಲ್ಲ. ಇಷ್ಟನ್ನು ಹೇಳಲು ನಮಗೆ ಎರಡು ಪದ ಬೇಕೇ ಬೇಕು.

‘ಪ್ರಾಯೋಗಿಕವಾಗಿ ಜಾರಿ’ ಎಂಬುದು ನನ್ನ ಇನ್ನೊಂದು ಕಿರಿಕಿರಿ. ಒಂದು ಯೋಜನೆಯನ್ನು ಎರಡು ತಾಲ್ಲೂಕುಗಳಲ್ಲಿ ಶುರು ಮಾಡುತ್ತಾರೆ. ಆ ಎರಡೇ ಏಕೆ ಎಂದರೆ ಅಲ್ಲಿನ ಅಧಿಕಾರಿಗಳು ಚುರುಕು. ಹೋಲಿಸಲು ಮೂರನೆಯ ತಾಲ್ಲೂಕನ್ನು ಯಾರೂ ಎತ್ತಿಟ್ಟಿಲ್ಲ, ಶುರುವಿಗೆ ಮೊದಲು ಏನನ್ನೂ ಅಳೆದಿಲ್ಲ. ಆರು ತಿಂಗಳಾದ ಮೇಲೆ ‘ಪ್ರಯೋಗ ಯಶಸ್ವಿ’. ಯಾವುದಕ್ಕೆ ಹೋಲಿಸಿ? ‘ಮೊದಲ ಹಂತದಲ್ಲಿ’ ಎಂದು ಬರೆದಿದ್ದರೆ ತಕರಾರಿರಲಿಲ್ಲ.

‘ಸೈದ್ಧಾಂತಿಕ’ದ ಪಾಡೂ ಇದೇ. ಸಿದ್ಧ ಮತ್ತು ಅಂತ ಕೂಡಿದ ಮಾತು, ಪೂರ್ವಪಕ್ಷವನ್ನು, ಅಂದರೆ ಎದುರು ವಾದವನ್ನು, ಕೆಡವಿ ಕೊನೆಗೆ ಸಾಧಿಸಿದ ನಿಲುವು. ಈಗ ಸುದ್ದಿಮನೆಗಳಲ್ಲಿ ಅದು ಪಕ್ಷದ ಐಡಿಯಾಲಜಿ. ಅರ್ಥಶಾಸ್ತ್ರದ ಥಿಯರಿ ಇವೆರಡೂ ಅಲ್ಲ. ‘ಹೀಗಿದ್ದರೆ ಹೀಗಾಗುತ್ತದೆ’ ಎಂಬ ಸರಪಳಿ ಅದು. ಕೂಲಿಯವರಿಗಾಗಿ ಹಲವು ಮಾಲೀಕರು ಪೈಪೋಟಿ ನಡೆಸುತ್ತಿದ್ದರೆ ಕನಿಷ್ಠ ವೇತನದಿಂದ ಕೆಲಸ ಕಡಿಮೆಯಾಗಬೇಕು. ಮಾಲೀಕ ಒಬ್ಬನೇ ಆದರೆ ಆಗಬೇಕಿಲ್ಲ, ಹೆಚ್ಚಲೂಬಹುದು. 1933ರಲ್ಲೇ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಈ ಎರಡನೆಯ ಸ್ಥಿತಿಗೆ ‘ಮೊನಾಪ್ಸನಿ’ ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ನ್ಯೂಜೆರ್ಸಿಯ ಅಂಕಿಗಳು ಬಂದಾಗ ಅವನ್ನು ಅರ್ಥ ಮಾಡಿಕೊಳ್ಳಲು ಅನೇಕರು ತಡಕಾಡಿದ್ದು ಇದನ್ನೇ.

ಇನ್ನು ‘ಅಪ್ಲೈಡ್ ಎಕನಾಮಿಕ್ಸ್’. ಧಾತುವಿನ ಲೆಕ್ಕದಲ್ಲಿ ‘ಪ್ರಾಯೋಗಿಕ’ ನಿಜಕ್ಕೂ ಹೊಂದಬಹುದಾಗಿದ್ದ ಜಾಗ ಇದು, ಕೆಲಸಕ್ಕೆ ಹೂಡಿದ ಅರ್ಥಶಾಸ್ತ್ರ. ಆದರೆ ಅಲ್ಲಿ ‘ಆನ್ವಯಿಕ’ ಆಗಲೇ ಕುರ್ಚಿ ಹಿಡಿದಾಗಿದೆ. ‘ಪ್ರಾಯೋಗಿಕ ಅರ್ಥಶಾಸ್ತ್ರ’ ಎಂದರೆ 2002ರಲ್ಲಿ ವರ್ನನ್ ಸ್ಮಿತ್ ಅವರಿಗೆ ನೊಬೆಲ್ ತಂದ ಶಾಖೆ: ಕೋಣೆಯಲ್ಲಿ ಜನರನ್ನು ಕೂರಿಸಿ, ಕೈಗೆ ದುಡ್ಡು ಕೊಟ್ಟು ಕೊಳ್ಳುವ ಮಾರುವ ಆಟ ಆಡಿಸಿ, ಬೆಲೆ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಜನಗಣತಿಯ ಕೋಷ್ಟಕ ಓದಿದವರನ್ನು ಆ ಕೋಣೆಗೆ ತಳ್ಳಬೇಡಿ.