ಟಕ್ಕರ್ ಒಪ್ಕೊಂಡನಾ ಇಲ್ಲಾ? ಒಂದು ಹಳೇ ಪೊಲೀಸ್ ಎಪಿಸೋಡು, ನಮ್ಮ ರೂಮಿನ ಜಗಳ, ಸಾಕ್ಷ್ಯ ಪೇಪರಿನ ಟಿಪ್ಪಣಿ

ಮೊದ್ಲ ಹೇಳಿಬಿಡ್ತೀನಿ, ಇದ್ರಾಗ ಎಪಿಸೋಡಿನ ಕೊನಿ ತನಕ ಕಥಿ ಅದ, ನೋಡೋರಿದ್ರ ನೋಡ್ಕೊಂಡು ಬಂದು ಓದ್ರಿ. ಕಲಬುರಗಿಯಾಗ ನಾವು ನಾಲ್ಕು ಮಂದಿ ಲಾ ಓದೋರು ಒಂದ ರೂಮಿನಾಗ ಇದ್ದೀವಿ, ಸಾಕ್ಷ್ಯ ಕಾಯ್ದೆ ಪೇಪರಿಗೆ ಇನ್ನ ಒಂಬತ್ತ ದಿನ ಇದ್ವು, ಸೆಕಿಗೆ ಪುಸ್ತಕ ಮುಟ್ಟಲಿಕ್ಕೂ ಮನಸಿಲ್ಲ, ಒಬ್ಬ ಅಂದ ಇದೂ ಓದೇ ಅನ್ಕೋರಿ ಅಂತ ಲ್ಯಾಪ್‌ಟಾಪಿನಾಗ 'ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್' ಹಚ್ಚಿದ. 1993ರಾಗ ಅಮೆರಿಕಾದ ಎನ್‌ಬಿಸಿಯಾಗ ಸುರು ಆದ ಸೀರಿಯಲ್ಲು, ಊರು ಬಾಲ್ಟಿಮೋರ್. ನಾವು ನೋಡಿದ್ದು ಮೊದಲ್ನೇ ಸೀಸನ್ನಿನ 'ಥ್ರೀ ಮೆನ್ ಆ್ಯಂಡ್ ಅಡೀನಾ'. ಬರ್ದವ್ರು ಟಾಮ್ ಫೊಂಟಾನಾ, ಈ ಎಪಿಸೋಡಿಗೆ ಅವ್ರಿಗೆ ಎಮ್ಮಿ, ಅಂದ್ರ ಅಮೆರಿಕಾದ ಟಿವಿ ಪ್ರಶಸ್ತಿ, ಬಂದದ.

ಕಥಿ ಅಂದ್ರ ಇಷ್ಟ: ಅಡೀನಾ ವಾಟ್ಸನ್ ಅನ್ನೋ 11 ವರ್ಷದ ಹುಡುಗಿ ಕೊಲಿ ಆಗ್ಯಾಳ. ರಿಸ್ಲಿ ಟಕ್ಕರ್ ಅನ್ನೋ ಮುದುಕನ ಮ್ಯಾಲ ಸಂಶಯ. ಅಂವ ಅರಾಬರ್, ಅಂದ್ರ ಕುದುರಿ ಗಾಡಿ ಮ್ಯಾಲ ಹಣ್ಣು ಕಾಯಿಪಲ್ಯಾ ಹೇರ್ಕೊಂಡು ಓಣಿ ಓಣಿ ಕೂಗ್ಕೊಂಡು ಮಾರಾಂವ, ನಮ್ಮ ಸೂಪರ್ ಮಾರ್ಕೆಟ್ ಕಡಿ ತಳ್ಳೋಗಾಡಿ ನೂಕ್ಕೊಂಡು ಬರ್ತಾರಲ್ಲ ಹಂಗ, ಕುದುರಿ ಒಂದು ಹೆಚ್ಚಿಗಿ ಅಷ್ಟ. ಪೊಲೀಸ್ರ ಕೈಯಾಗ 12 ತಾಸು ಅದ. ಬೇಲಿಸ್, ಪೆಂಬಲ್ಟನ್ ಇಬ್ಬರೂ ಅವನ್ನ 'ಬಾಕ್ಸ್' ಅಂತ ಕರಿಯೋ ಖೋಲಿಯಾಗ ಕೂಡಿಸ್ಕೊಂಡು ಮಾತಾಡ್ತಾರ, ಸಿಟ್ಟಾಗ್ತಾರ, ಪ್ರೀತಿಲೆ ಕೇಳ್ತಾರ, ಮತ್ತ ಸಿಟ್ಟಾಗ್ತಾರ. ಹೆಚ್ಚೂಕಮ್ಮಿ ಪೂರಾ ಎಪಿಸೋಡು ಆ ನಾಲ್ಕು ಗ್ವಾಡಿ ನಡುವ. ಕೊನಿಗೆ ಮುದುಕ ಒಡೀತಾನ, ಖರೇ, ಆದ್ರ ಒಡದು ಹೇಳೋದು 'ಕೊಂದೆ' ಅಂತಲ್ಲ, ಆ ಸಣ್ಣ ಹುಡುಗಿ ಮ್ಯಾಲ ನಂಗ ಪ್ರೀತಿ ಇತ್ತು ಅಂತ. ತಾಸು ಮುಗೀತದ, ಅಂವ ಹೊರಗ ಬರ್ತಾನ.

ರೂಮಿನಾಗ ಯಾರ್ ಏನಂದ್ರು

ಒಬ್ಬಂವ ಬೀದರ್ ಕಡಿಯಾಂವ, ಮುಗದ ಕೂಡ್ಲೆ ಅಂದ: 'ಇವ್ನೇ ಮಾಡ್ಯಾನ, ಮತ್ತೇನ್ ಬೇಕ? 11 ವರ್ಷದ ಹುಡುಗಿ ಮ್ಯಾಲ ಪ್ರೀತಿ ಅಂತಾನ, ಅದೇ ಒಪ್ಪಿಗಿ.' ಎರಡನೇಂವ ಯಾದಗಿರಿಯಾಂವ, ಅಂವಗ ಮುದುಕನ ಮ್ಯಾಲ ಪೂರಾ ಕನಿಕರ, ಹನ್ನೆರಡು ತಾಸು ಇಬ್ಬರು ಸೇರಿ ಜಗ್ಗಾಡಿದ್ರ ನಾನೂ ಏನರೆ ಒಪ್ಕೋತೀನಿ ಅಂದ. ಮೂರನೇಂವಗ ಬ್ಯಾಸರಾತು, ಗುಂಡು ಇಲ್ಲ, ಓಡೋ ಗಾಡಿ ಇಲ್ಲ, ಬರೇ ಮಾತು, ಇದೆಂಥಾ ಪೊಲೀಸ್ ಸೀರಿಯಲ್ಲೋ ಅಂದು ಮಿರ್ಚಿ ತರಲಿಕ್ಕ ಹೋದ. ಮಜಾ ಅಂದ್ರ ತೆರಿ ಮ್ಯಾಲಿನ ಪೊಲೀಸ್ರೂ ಹಿಂಗ ಒಡದಾರ: ಸುರುವಿನಿಂದ 'ಇವ್ನೇ' ಅಂತಿದ್ದ ಬೇಲಿಸ್‌ಗ ಕೊನಿಗೆ ಖಾತ್ರಿ ಇಲ್ಲ, ನಂಬದ ಪೆಂಬಲ್ಟನ್‌ಗ ಕೊನಿಗೆ ಖಾತ್ರಿ. ಹಂಗಾಗಿ ನೋಡೋ ಮಂದಿ ಜಗಳ ಆಡೋದು ಸಹಜ ಬಿಡ್ರಿ.

ನಂಗ ಹಿಡ್ಸಿದ್ದು ಬ್ಯಾರೆ, ಮುದುಕನ ಪಾರ್ಟ್ ಮಾಡಿದ ಮೋಸೆಸ್ ಗನ್. ಪೊಲೀಸ್ರು ಅವನ್ನ ಬಿಚ್ಚಬೇಕಂತ ಕೂತ್ರ ಅಂವ ತಿರುಗಿ ಅವ್ರಿಬ್ಬರನ್ನೂ ಬಿಚ್ಚತಾನ, ಪೆಂಬಲ್ಟನ್ ಆಗಿರೋ ಆಂಡ್ರೆ ಬ್ರಾವರ್ ಮಾರಿ ಆ ಹೊತ್ತಿನಾಗ ನೋಡಬೇಕು. ಉತ್ತರ ಕೊಡ್ಲಿಲ್ಲ ಅಂತ ಬೈಯೋರಿಗೆ ಒಂದ್ಮಾತು: ಸೀರಿಯಲ್ ನಿಂತಿದ್ದೇ ಡೇವಿಡ್ ಸೈಮನ್ ಅನ್ನೋ ಪತ್ರಕರ್ತ 1988ರಾಗ ಬಾಲ್ಟಿಮೋರ್ ಕೊಲಿ ತನಿಖಿ ಪೊಲೀಸ್ರ ಜೋಡಿ ವರ್ಷ ಕಳದು ಬರ್ದ ಪುಸ್ತಕದ ಮ್ಯಾಲ, ಅದ್ರಾಗಿನ ಇಂಥದೇ ಹುಡುಗಿ ಕೇಸು ಬಗೀಹರೀಲೇ ಇಲ್ಲ.

ಈಗ ಓದಿನ ಮಾತು, ಅಂದ್ರ ನಾ ಎಲ್ಲಿ ಬಿದ್ದೆ

ಬೀದರಾಂವ 'ಅದೇ ಒಪ್ಪಿಗಿ' ಅಂದ್ನಲ್ಲ, ನಾ ಶ್ಯಾಣ್ಯಾನಂಗ ಅಂದೆ, ಒಪ್ಕೊಂಡ್ರೂ ನಮ್ಮಲ್ಲಿ ನಡೆಯಂಗಿಲ್ಲ, ಪೊಲೀಸ್ರ ಮುಂದಿನ ತಪ್ಪೊಪ್ಪಿಗೆನ ಆರೋಪಿ ವಿರುದ್ಧ ಬಳಸಂಗಿಲ್ಲ ಅನ್ನೋದು ಕಲಂ 25. ಹಳೇ 1872ರ ಕಾಯ್ದೆಯಾಗ 25, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಾಗ 23(1). ಅಮೆರಿಕಾದಾಗ ಹಂಗಲ್ಲ, 1966ರ ಮಿರಾಂಡಾ ತೀರ್ಪಿನ ಪ್ರಕಾರ ಹಕ್ಕು ಓದಿ ಹೇಳಿ, ಆಮ್ಯಾಲ ಅಂವ ಸ್ವಂತ ಮನಸಿನಿಂದ ಒಪ್ಕೊಂಡ್ರ ಅದು ಕೋರ್ಟಿನಾಗ ನಡೀತದ, ಅದಕ್ಕ ಅಲ್ಲಿ ಪೊಲೀಸ್ರು ಆ ಬಾಕ್ಸಿಗೆ ಜೀವ ಬಿಡ್ತಾರ. ಇಷ್ಟು ಎಲ್ಲಾರ್ಗೂ ಗೊತ್ತಿರ್ತದ.

ಆದ್ರ ಯಾದಗಿರಿಯಾಂವ ತಣ್ಣಗ ಕೇಳ್ದ: 'ಅಂವ ಹೇಳಿದ್ದು ತಪ್ಪೊಪ್ಪಿಗೆನಾ ಮೊದ್ಲು?' ಅಲ್ಲೇ ಸಿಕ್ಕಬಿದ್ದೆ ನೋಡ್ರಿ. 1939ರಾಗ ಪ್ರಿವಿ ಕೌನ್ಸಿಲ್, ಅಂದ್ರ ಬ್ರಿಟಿಷರ ಕಾಲದಾಗ ನಮ್ಮ ಕೇಸುಗಳಿಗೆ ಲಂಡನ್ನಿನಾಗಿದ್ದ ಕೊನೀ ಮೇಲ್ಮನವಿ ಕೋರ್ಟು, ಪಕಾಲ ನಾರಾಯಣ ಸ್ವಾಮಿ ಕೇಸಿನಾಗ ಹೇಳ್ಯಾದ, ತಪ್ಪೊಪ್ಪಿಗೆ ಅನ್ನಬೇಕಂದ್ರ ಅಪರಾಧನೇ ನೇರ ಒಪ್ಪಬೇಕು, ಇಲ್ಲಾಂದ್ರ ಅಪರಾಧಕ್ಕ ಬೇಕಾದ ಹೆಚ್ಚೂಕಮ್ಮಿ ಎಲ್ಲಾ ಸಂಗತಿ ಒಪ್ಪಬೇಕು. ಎಷ್ಟ ಕೆಟ್ಟದ್ದು ಕಾಣೋ ಸಂಗತಿ ಒಪ್ಪಿದ್ರೂ ಅದೊಂದೇ ತಪ್ಪೊಪ್ಪಿಗೆ ಆಗಂಗಿಲ್ಲ. ಕೊಲಿಗೆ ಬಳಸಿದ ಚಾಕು ನಂದೇ, ಮೊನ್ನಿ ನನ್ ಹತ್ರನೇ ಇತ್ತು ಅಂದ್ರೂ ಅಷ್ಟರ ಮ್ಯಾಲ ತಪ್ಪೊಪ್ಪಿಗೆ ಅಲ್ಲ. ಹಂಗಿದ್ರ 'ಪ್ರೀತಿ ಇತ್ತು' ಅನ್ನೋದು ಎಲ್ಲಿ ಬಂತು? ಬೀದರಾಂವಂದು ಸುಳ್ಳಾತು.

ಸರಿ, ಈಗ ನನ್ ತಲಿ ಕೆಟ್ಟಿದ್ದು ಇಲ್ಲೇ, ಎರಡು ದಿನ ಕೆಟ್ಟಿತ್ತು. ಕಲಂ 23 ತಡಿಯೋದು ತಪ್ಪೊಪ್ಪಿಗೆನ ಮಾತ್ರ. ಟಕ್ಕರ್ ಮಾತು ತಪ್ಪೊಪ್ಪಿಗೆ ಅಲ್ಲ. ಅಂದ್ಮ್ಯಾಲ 23 ತಡಿಯಂಗಿಲ್ಲ. ಅಂದ್ಮ್ಯಾಲ ಮಾತು ಒಳಗ ಬರ್ತದ! ಅಂದ್ರ ಪೂರಾ ಒಪ್ಕೊಂಡಾಂವಗ ರಕ್ಷಣಿ, ಅರ್ಧ ಹೇಳ್ದಾಂವಗ ಇಲ್ಲ? ಇದೆಂಥಾ ನ್ಯಾಯ ಅಂತ ರಾತ್ರಿ ಮಾಳಗಿ ಮ್ಯಾಲ ಮಲ್ಕೊಂಡು ಅದ್ನೇ ಹಚ್ಕೊಂಡಿದ್ದೆ, ನೋಟ್ಸಿನಾಗ 'ಒಳಗ ಬರ್ತದ' ಅಂತ ಕೆಂಪು ಪೆನ್ನಿಲೆ ಬರ್ದೂ ಬಿಟ್ಟಿದ್ದೆ.

ತಪ್ಪು ಏನಂದ್ರ ನಾ ಒಂದ ಬಾಗಿಲಾ ನೋಡಿದ್ದೆ, ಬಾಗಿಲಾ ಎರಡು ಅದಾವ. ಎರಡನೇದು ಸಾಕ್ಷ್ಯ ಕಾಯ್ದೆಯಾಗ ಇಲ್ಲ, ದಂಡ ಪ್ರಕ್ರಿಯಾ ಸಂಹಿತೆಯಾಗ ಅದ: ಹಳೇ ಕಲಂ 162, ಈಗ ನಾಗರಿಕ ಸುರಕ್ಷಾ ಸಂಹಿತೆಯಾಗ 181. ತನಿಖಿ ನಡದಾಗ ಯಾವ ವ್ಯಕ್ತಿನೇ ಆಗ್ಲಿ ಪೊಲೀಸ್ರಿಗೆ ಹೇಳಿದ್ದು ಆ ಅಪರಾಧದ ವಿಚಾರಣಿಯಾಗ ಸಾಕ್ಷಿ ಅಂತ ಬಳಸಂಗಿಲ್ಲ, ಪ್ರಾಸಿಕ್ಯೂಷನ್ ಸಾಕ್ಷಿ ಕಟಕಟಿಯಾಗ ಬ್ಯಾರೆ ಹೇಳಿದ್ರ 'ಅವತ್ತ ಹಿಂಗಂದಿದ್ದಿ' ಅಂತ ಹಿಡೀಲಿಕ್ಕ ಮಾತ್ರ. ಇಲ್ಲಿ 'ತಪ್ಪೊಪ್ಪಿಗೆ' ಅನ್ನೋ ಮಾತೇ ಇಲ್ಲ, 'ಹೇಳಿಕೆ' ಅಂತ ಅದ, ಅಗಲ ಬಲೆ. ಆದ್ರ 'ಯಾವ ವ್ಯಕ್ತಿ' ಅಂದ್ರ ಸಾಕ್ಷಿ ಹೇಳೋರು ಅಷ್ಟ ಅಲ್ಲೇನು, ಆರೋಪಿನೂ ಬರ್ತಾನೇನು? ಬರ್ತಾನ, ಮತ್ತ ಅದ್ನ ಹೇಳಿದ್ದೂ ಅದೇ ಪಕಾಲ ಕೇಸು! ಆ ಕೇಸಿನಾಗ 1937ರಾಗ ಪುರಿ ಸ್ಟೇಷನ್ನಿನಾಗ ರೈಲಿನ ಟ್ರಂಕಿನಾಗ ಹೆಣ ಸಿಕ್ಕಿತ್ತು, ಆರೋಪಿ ಪೊಲೀಸ್ರಿಗೆ ಹೇಳಿದ್ದು, ಸತ್ತಾಂವ ನಮ್ಮ ಮನಿಗೆ ಬಂದಿದ್ದ, ರಾತ್ರಿ ಮಲಗಿದ್ದ, ಆಮ್ಯಾಲ ರೈಲಿಗೆ ಹೋದ ಅಂತ. ಇದು ತಪ್ಪೊಪ್ಪಿಗೆ ಅಲ್ಲ ಅಂದ್ರು, ಆದ್ರೂ 162 ಅಡಿ ಹೊರಗಿಟ್ರು. ನಾವೆಲ್ಲಾ ತೀರ್ಪಿನ ಮೊದಲ್ನೇ ಅರ್ಧ ಬಾಯಿಪಾಠ ಮಾಡಿ ಎರಡನೇ ಅರ್ಧ ಬಿಡ್ತೀವಿ, ಗೈಡ್ ಬರ್ದವ್ರೂ ಹಂಗ ಬರ್ದಿರ್ತಾರ.

ಹಂಗಾಗಿ ಟಕ್ಕರ್ ನಮ್ಮ ಪೊಲೀಸ್ ಸ್ಟೇಷನ್ನಿನಾಗ ಅದನ್ನೇ ಹೇಳಿದ್ರ 23ರಾಗ ಬೀಳಂಗಿಲ್ಲ, 181ರಾಗ ಬೀಳ್ತಾನ, ಮಾತು ಹೊರಗ. ಉತ್ತರದಾಗ ಇದೇ ಕ್ರಮದಾಗ ಬರೀರಿ: ತಪ್ಪೊಪ್ಪಿಗೆನಾ? ಹೌದಂದ್ರ 23. ಅಲ್ಲಂದ್ರ ಅಲ್ಲೇ ನಿಲ್ಲಬ್ಯಾಡ್ರಿ, 181ಕ್ಕ ನಡೀರಿ.

ಉಳದದ್ದು ಲಗೂ ಹೇಳ್ತೀನಿ. ಒಪ್ಕೋಬೇಕಂದ್ರ ಮ್ಯಾಜಿಸ್ಟ್ರೇಟ್ ಮುಂದ, ಪ್ರಕ್ರಿಯಾ ಸಂಹಿತೆಯಾಗ ಹಳೇ 164, ಈಗ 183. ಸಾಕ್ಷ್ಯ ಕಾಯ್ದೆ ನಂಬರ್ ನೆನಪಿಡಲಿಕ್ಕ ನನ್ನ ಯುಕ್ತಿ 'ಎರಡು ಕಳಿ': 24 ಹೋಗಿ 22, 25 ಹೋಗಿ 23. ಆದ್ರ 27ಕ್ಕ ಇದನ್ನ ಹಚ್ಚಿದ್ರ ಹೋತು ಮಾರ್ಕು, ಅದು 25 ಆಗಿಲ್ಲ, 23ರ ಅಡಿಯಾಗೇ ಪರಂತುಕ, ಅಂದ್ರ 'ಆದ್ರ ಇದೊಂದು ಬಿಟ್ಟು' ಅನ್ನೋ ವಿನಾಯ್ತಿ, ಆಗಿ ಕೂತದ. ಆರೋಪಿ ಮಾತಿನಿಂದ ವಸ್ತು ಸಿಕ್ಕ್ರ ಅಷ್ಟು ಮಾತು ಒಳಗ, 181ನೂ ಅದನ್ನ ತಡಿಯಂಗಿಲ್ಲ. ಬೀದರಾಂವ ಇನ್ನೂ ಸೋತಿಲ್ಲ, ಇದ್ನ ಹಿಡ್ಕೊಂಡು ಮತ್ತ ಬಂದ: 'ಹಂಗಾರ ಟಕ್ಕರ್‌ನ ಪರಂತುಕದಾಗ ಹಾಕ್ರಿ.' ಏನ್ ಹಾಕ್ತೀ ಮಾರಾಯ, 12 ತಾಸಿನಾಗ ಮುದುಕನ ಮಾತಿನಿಂದ ಒಂದ ಅಂಗಿ ಗುಂಡಿನರೆ ಸಿಕ್ಕದೇನು?