ಮೊದಲು ಏಜೆನ್ಸಿಯ ಫೈಲ್ ನೋಡಿ, ಆಮೇಲೆ ಆಪರೇಟಿಂಗ್ ಸಿಸ್ಟಂ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಪ್ರೊಸೆಸರ್ ಹಳತಾದ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಾಗಿ ಶಿವಮೊಗ್ಗದಲ್ಲಿ ನನ್ನ ಬಳಿ ಬರುವ ಅನುವಾದಕರ ಪ್ರಶ್ನೆಯೇ ಬದಲಾಗಿದೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಗಳಲ್ಲಿ ಕುಳಿತು ಬೆಂಗಳೂರಿನ ಮತ್ತು ಹೊರದೇಶದ ಏಜೆನ್ಸಿಗಳಿಗೆ ಕೆಲಸ ಮಾಡುವವರು ಇವರು. ಚೆನ್ನಾಗಿಯೇ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಕೆಲವರು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಂಡಿದ್ದಾರೆ. ಇನ್ನು ಕೆಲವರಿಗೆ ಬೆಂಗಳೂರಿನಲ್ಲಿರುವ ಮಗನೋ ಮಗಳೋ ತಾವು ಬಳಸಿದ ಮ್ಯಾಕ್ ಕೊಟ್ಟಿದ್ದಾರೆ. ಎಲ್ಲರೂ ಕೇಳುವುದು ಒಂದೇ: "ಸರ್, ಇದರಲ್ಲಿ ಟ್ರಾಡೋಸ್ ಹಾಕಿಕೊಡಿ." ಟ್ರಾಡೋಸ್ ಎಂದರೆ ಏಜೆನ್ಸಿಗಳು ಕೇಳುವ, ಅನುವಾದಕ್ಕೆ ನೆರವಾಗುವ ತಂತ್ರಾಂಶ.

ಏಜೆನ್ಸಿಯವರು ಕಳೆದ ಬಾರಿ ಕಳುಹಿಸಿದ ಫೈಲ್ ತೋರಿಸಿ ಎಂದು ನಾನು ಕೇಳುತ್ತೇನೆ. ಟ್ರಾಡೋಸ್ ಸ್ಟುಡಿಯೋ ಮತ್ತು ಮೆಮೊಕ್ಯೂ ಎರಡೂ ವಿಂಡೋಸ್‌ಗಾಗಿಯೇ ಕಟ್ಟಿದ ತಂತ್ರಾಂಶಗಳು. ಅವನ್ನು ಬೇರೆ ಆಪರೇಟಿಂಗ್ ಸಿಸ್ಟಂನಲ್ಲಿ ಓಡಿಸಲು ದಾರಿಗಳಿವೆ, ಆದರೆ ಪ್ರತಿಯೊಂದಕ್ಕೂ ಹಣವೋ ಸಮಯವೋ ಖರ್ಚಾಗುತ್ತದೆ. ಆ ಖರ್ಚು ನಿಮಗೆ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ನಿಮಗೆ ಬರುವ ಫೈಲ್.

ಟ್ರಾಡೋಸ್, ಮೆಮೊಕ್ಯೂ ತಾವಾಗಿ ಅನುವಾದ ಮಾಡುವ ತಂತ್ರಾಂಶಗಳಲ್ಲ. ಅನುವಾದಕ ಮಾಡಿದ ಪ್ರತಿ ವಾಕ್ಯವನ್ನೂ ಮೂಲದ ಜೊತೆ ಜೋಡಿಸಿ ನೆನಪಿಟ್ಟುಕೊಂಡು, ಮುಂದೆ ಅಂಥದೇ ವಾಕ್ಯ ಬಂದಾಗ ಮುಂದಿಡುತ್ತವೆ. ಆ ನೆನಪಿಗೆ ಅನುವಾದ ಮೆಮೊರಿ ಎನ್ನುತ್ತೇವೆ. ಪವರ್ ಸ್ಪ್ರೇಯರಿನ ಕೈಪಿಡಿ, ಕಳೆ ಕೊಚ್ಚುವ ಯಂತ್ರದ ಸುರಕ್ಷತಾ ಸೂಚನೆ, ಅಡಿಕೆಯ ಎಲೆಚುಕ್ಕೆ ರೋಗದ ಕರಪತ್ರ ಇಂಥವುಗಳಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಮೆಮೊರಿ ಇಲ್ಲದೆ ಕೆಲಸ ಮಾಡುವುದು ವ್ಯರ್ಥ ಶ್ರಮ.

ಬಂದದ್ದು ಬರೀ ವರ್ಡ್ ಅಥವಾ ಎಕ್ಸೆಲ್ ಫೈಲ್ ಆಗಿದ್ದು, ಅದೇ ರೂಪದಲ್ಲಿ ಹಿಂದಿರುಗಿಸಿದರೆ ಸಾಕು ಎಂದಿದ್ದರೆ ವಿಂಡೋಸಿನ ಮಾತೇ ಬೇಡ. ಒಮೆಗಾಟಿ ಎಂಬ ಮುಕ್ತ ತಂತ್ರಾಂಶವಿದೆ. ಕೀತ್ ಗಾಡ್‌ಫ್ರೇ 2000ರಲ್ಲಿ ಇದನ್ನು ಆರಂಭಿಸಿದರು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದರಿಂದ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಒಂದೇ ರೀತಿ ನಡೆಯುತ್ತದೆ. ಯುರೋಪಿಯನ್ ಕಮಿಷನ್ನಿನ ಅನುವಾದ ವಿಭಾಗವೂ ಇದನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಂಡು ಬಳಸಿದೆ. ಉಚಿತವಾಗಿ ಸಿಗುವುದರಿಂದ ಕಳಪೆ ಇರಬಹುದು ಎಂಬ ಅನುಮಾನ ನಮ್ಮ ಕಡೆ ಬಹಳ. ಆ ಅನುಮಾನಕ್ಕೆ ಕಾರಣ ನನಗೆ ಕಂಡಿಲ್ಲ. ಹಣ ಕೊಟ್ಟು ಕೊಳ್ಳುವುದಾದರೆ ವರ್ಡ್‌ಫಾಸ್ಟ್ ಪ್ರೊ ಮತ್ತು ಕೆಫೆಟ್ರಾನ್ ಎಸ್ಪ್ರೆಸೊ ಕೂಡ ಜಾವಾದವೇ. ಒಮೆಗಾಟಿ ಇಳಿಸಿಕೊಳ್ಳುವಾಗ ಜಾವಾವನ್ನು ಒಳಗೊಂಡಿರುವ ಹೊಸ ಆವೃತ್ತಿಯನ್ನೇ ಆರಿಸಿ. ಜಾವಾ 9ರಿಂದ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ವ್ಯವಸ್ಥೆ ಬಂದ ಮೇಲೆ ಕನ್ನಡದ ಒತ್ತಕ್ಷರಗಳು ಮೊದಲಿಗಿಂತ ಸರಿಯಾಗಿ ಮೂಡುತ್ತವೆ.

ಏಜೆನ್ಸಿ ಟ್ರಾಡೋಸ್ ಪ್ಯಾಕೇಜ್, ಅಂದರೆ ಕೆಲಸದ ಫೈಲುಗಳನ್ನೆಲ್ಲ ಕಟ್ಟಿದ ಒಂದು ಗಂಟು, ಕಳುಹಿಸಿದ್ದರೆ? ಎಸ್‌ಡಿಎಲ್‌ಪಿಪಿಎಕ್ಸ್ ಎಂದು ಕೊನೆಗೊಳ್ಳುವ ಆ ಫೈಲ್ ನೋಡಿ ಅನೇಕರು ಎದೆಗುಂದುತ್ತಾರೆ. ಅದು ಹೆಸರು ಬದಲಿಸಿದ ಜಿಪ್ ಫೈಲ್ ಅಷ್ಟೇ. ಲಿನಕ್ಸಿನ ಸಾಮಾನ್ಯ ಸಲಕರಣೆಯಿಂದಲೇ ಬಿಚ್ಚಬಹುದು. ಒಳಗೆ ಮೂಲವಾಕ್ಯ, ಅನುವಾದಗಳನ್ನು ಜೋಡಿಯಾಗಿ ಇಡುವ ಎಸ್‌ಡಿಎಲ್‌ಎಕ್ಸ್‌ಲಿಫ್ ಫೈಲ್‌ಗಳು, ಅವುಗಳ ಜೊತೆಗೆ ಮೆಮೊರಿ ಇಟ್ಟಿದ್ದರೆ ಅದೂ ಇರುತ್ತದೆ. ಎಕ್ಸ್‌ಲಿಫ್ ಎಂಬುದು ಒಯಾಸಿಸ್ ಸಂಸ್ಥೆ ನಿಗದಿಪಡಿಸಿದ ಮುಕ್ತ ಮಾನದಂಡ. ಅದರ 1.2ನೆಯ ಆವೃತ್ತಿ 2008ರದು, ಟ್ರಾಡೋಸ್ ಅದರ ಮೇಲೆಯೇ ತನ್ನದನ್ನು ಕಟ್ಟಿಕೊಂಡಿದೆ. ಕೆಫೆಟ್ರಾನ್ ಇಂಥ ಪ್ಯಾಕೇಜನ್ನು ನೇರವಾಗಿ ತೆರೆಯುತ್ತದೆ. ಓಕಾಪಿ ಎಂಬ ಮುಕ್ತ ಸಲಕರಣೆಗಳ ನೆರವಿನಿಂದ ಒಮೆಗಾಟಿಯಲ್ಲೂ ಕೆಲಸ ಸಾಗಿಸಬಹುದು. ಹೀಗೆ ಮಾಡುವಾಗ ವಾಕ್ಯಗಳನ್ನು ಒಡೆಯಬಾರದು, ಕೂಡಿಸಬಾರದು, ದಪ್ಪಕ್ಷರದಂಥ ವಿನ್ಯಾಸವನ್ನು ಸೂಚಿಸುವ ಟ್ಯಾಗ್‌ಗಳನ್ನು ಒಂದೂ ಬಿಡದೆ ಉಳಿಸಬೇಕು. ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಎರಡು ಮೂರು ವಾಕ್ಯ ಮಾಡಿದ ಒಂದು ಫೈಲನ್ನು ಏಜೆನ್ಸಿಗೆ ಕಳುಹಿಸಿ, ಅವರ ಟ್ರಾಡೋಸಿನಲ್ಲಿ ಸರಿಯಾಗಿ ತೆರೆಯಿತೇ ಎಂದು ಕೇಳಿ. ಪ್ರಾಜೆಕ್ಟ್ ಮ್ಯಾನೇಜರ್‌ಗಳು ಇದಕ್ಕೆ ಬೇಸರಿಸುವುದಿಲ್ಲ. ಅವರಿಗೆ ಬೇಸರ ತರಿಸುವುದು ಗಡುವಿನ ದಿನ ತೆರೆಯದ ಫೈಲ್.

ಇಷ್ಟಾದ ಮೇಲೂ ಟ್ರಾಡೋಸ್ ಬೇಕೇ ಬೇಕು ಎನ್ನುವ ಸಂದರ್ಭ ಇರುತ್ತದೆ. ಏಜೆನ್ಸಿಯ ಸರ್ವರಿನಲ್ಲಿರುವ ಮೆಮೊರಿಗೆ ನೇರವಾಗಿ ಸೇರಬೇಕು ಎಂದರೋ, ಮುಗಿದ ಕೆಲಸವನ್ನು ಹಿಂದಿರುಗಿಸುವ ರಿಟರ್ನ್ ಪ್ಯಾಕೇಜ್ ಟ್ರಾಡೋಸಿನಿಂದಲೇ ಬರಬೇಕು ಎಂದು ಕರಾರಿನಲ್ಲಿ ಬರೆದಿದ್ದರೋ ಬೇರೆ ದಾರಿಯಿಲ್ಲ.

ಲಿನಕ್ಸಿಗೆ ಹೊಸದಾಗಿ ಬಂದವರು ಮೊದಲು ವೈನ್ ಹೆಸರು ಹೇಳುತ್ತಾರೆ. 1993ರಿಂದ ಬೆಳೆದುಬಂದ ಈ ವ್ಯವಸ್ಥೆ ವಿಂಡೋಸ್ ಇಲ್ಲದೆಯೇ ವಿಂಡೋಸ್ ತಂತ್ರಾಂಶಗಳನ್ನು ಓಡಿಸುತ್ತದೆ. ಚಿಕ್ಕ ತಂತ್ರಾಂಶಗಳಿಗೆ, ಹಳೆಯ ನಿಘಂಟುಗಳಿಗೆ ಅದು ವರದಾನ. ಆದರೆ ಟ್ರಾಡೋಸ್ ಮತ್ತು ಮೆಮೊಕ್ಯೂ ಮೈಕ್ರೋಸಾಫ್ಟಿನ ಡಾಟ್ ನೆಟ್ ಫ್ರೇಮ್‌ವರ್ಕಿನ ಮೇಲೆ ನಿಂತಿವೆ, ವರ್ಡ್ ಫೈಲಿನ ಪೂರ್ವನೋಟಕ್ಕೆ ಟ್ರಾಡೋಸ್ ಮೈಕ್ರೋಸಾಫ್ಟ್ ವರ್ಡನ್ನೇ ಅವಲಂಬಿಸಿದೆ. ಇಷ್ಟೆಲ್ಲವನ್ನೂ ವೈನ್ ಅನುಕರಿಸಿ ತೋರಿಸಬೇಕು. ಒಮ್ಮೆ ತೆರೆದುಕೊಂಡರೂ ಮುಂದಿನ ಅಪ್‌ಡೇಟ್ ಬಂದಾಗ ನಿಲ್ಲಬಹುದು. ಹೊಟ್ಟೆಪಾಡಿನ ಕೆಲಸವನ್ನು ವೈನ್ ಮೇಲೆ ನಿಲ್ಲಿಸಬೇಡಿ ಎಂಬುದು ನನ್ನ ಖಚಿತ ಸಲಹೆ.

ನಂಬಬಹುದಾದ ದಾರಿ ವರ್ಚುವಲ್ ಮಷಿನ್: ಲಿನಕ್ಸಿನ ಒಳಗೆ ಒಂದು ಕಿಟಕಿಯಲ್ಲಿ ಪೂರ್ತಿ ವಿಂಡೋಸ್. ಒರಾಕಲ್ ಸಂಸ್ಥೆಯ ವರ್ಚುವಲ್‌ಬಾಕ್ಸ್ ಇದಕ್ಕೆ ಸಾಕು. 2022ರಲ್ಲಿ ಬಂದ ಅದರ 7.0 ಆವೃತ್ತಿಯಿಂದ ತಂತ್ರಾಂಶ ರೂಪದ ಟಿಪಿಎಂ ಸಿಗುತ್ತದೆ, ಆದ್ದರಿಂದ ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಚಿಪ್ ಇಲ್ಲ ಎಂಬುದು ಇಲ್ಲಿ ಅಡ್ಡಿಯಾಗುವುದಿಲ್ಲ. ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಬಯಾಸ್ ಸೆಟ್ಟಿಂಗಿನಲ್ಲಿ ವರ್ಚುವಲೈಸೇಷನ್ ಸೌಲಭ್ಯ ಚಾಲೂ ಇರಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಹಾಗಾಗಿ ಒಟ್ಟು 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಕೆಲಸ ನಡೆಯುತ್ತದೆ, ಆದರೆ ಹಿತವಾಗಿ ನಡೆಯುವುದಿಲ್ಲ. 16 ಜಿಬಿಗೆ ಏರಿಸಿ, ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸುವುದು ಹೊಸ ಲ್ಯಾಪ್‌ಟಾಪಿಗಿಂತ ಬಹಳ ಅಗ್ಗ. ಒಳಗಿನ ವಿಂಡೋಸಿಗೂ ಪರವಾನಗಿ ಬೇಕು ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಲ್ಯಾಪ್‌ಟಾಪಿನ ಜೊತೆ ಬಂದಿದ್ದ ಪರವಾನಗಿ ಸಾಮಾನ್ಯವಾಗಿ ಒಳಗಿನದಕ್ಕೆ ಸಲ್ಲುವುದಿಲ್ಲ.

ಇಲ್ಲಿ ಪದೇ ಪದೇ ಕಾಣುವ ತೊಂದರೆಯೊಂದಿದೆ. ಲಿನಕ್ಸ್ ಮತ್ತು ವಿಂಡೋಸ್ ಎರಡಕ್ಕೂ ಕಾಣುವಂತೆ ಒಂದು ಹಂಚಿಕೆಯ ಫೋಲ್ಡರ್ ಮಾಡಿಕೊಂಡು, ಇಡೀ ಪ್ರಾಜೆಕ್ಟನ್ನು ಅಲ್ಲೇ ಇಟ್ಟು ಟ್ರಾಡೋಸಿನಲ್ಲಿ ತೆರೆಯುತ್ತಾರೆ. ಟ್ರಾಡೋಸಿನ ಮೆಮೊರಿ ಫೈಲ್, ಅಂದರೆ ಎಸ್‌ಡಿಎಲ್‌ಟಿಎಂ, ವಾಸ್ತವದಲ್ಲಿ ಎಸ್‌ಕ್ಯೂಲೈಟ್ ದತ್ತಸಂಚಯ. ಬರೆಯುವಾಗ ಅದು ಫೈಲಿಗೆ ಬೀಗ ಹಾಕಿಕೊಳ್ಳಬೇಕು. ಹಂಚಿಕೆಯ ಫೋಲ್ಡರ್‌ಗಳಲ್ಲಿ ಆ ಬೀಗ ಸರಿಯಾಗಿ ಬೀಳದೆ ಮೆಮೊರಿ ಕೆಡುವ ಅಪಾಯವಿದೆ. ಪ್ಯಾಕೇಜನ್ನು ಹಂಚಿಕೆಯ ಫೋಲ್ಡರಿನಿಂದ ವಿಂಡೋಸಿನ ಸ್ವಂತ ಡಿಸ್ಕಿಗೆ ನಕಲಿಸಿ, ಅಲ್ಲಿ ಕೆಲಸ ಮುಗಿಸಿ, ರಿಟರ್ನ್ ಪ್ಯಾಕೇಜನ್ನು ಮಾತ್ರ ಹೊರಗೆ ತನ್ನಿ.

ಮಲೆನಾಡಿನವರಿಗೆ ಇದರ ಜೊತೆಗೆ ಕರೆಂಟಿನ ಚಿಂತೆ. ಜೂನ್ ಬಂತೆಂದರೆ ಮರ ಬಿದ್ದು ತಂತಿ ಹರಿಯುವುದು ಹೊಸನಗರ, ಆಗುಂಬೆ ಕಡೆ ಮಾಮೂಲು. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ತಟ್ಟನೆ ಆರಿದರೆ ಒಳಗೊಂದು ಹೊರಗೊಂದು ಎರಡು ಆಪರೇಟಿಂಗ್ ಸಿಸ್ಟಂಗಳು ಒಟ್ಟಿಗೆ ಆರುತ್ತವೆ, ವರ್ಚುವಲ್ ಡಿಸ್ಕ್ ಫೈಲಿಗೇ ಧಕ್ಕೆಯಾಗಬಹುದು. ವರ್ಚುವಲ್ ಮಷಿನ್ ಬಳಸುವವರು ಮೊದಲು ಬ್ಯಾಟರಿ ಬದಲಿಸಲಿ. ಅದು ಆಗದಿದ್ದರೆ ಯುಪಿಎಸ್ ಇರಲಿ. ಮೋಡ ಕಟ್ಟಿದಾಗ ವರ್ಚುವಲ್‌ಬಾಕ್ಸಿನಲ್ಲಿ ಇದ್ದ ಸ್ಥಿತಿಯಲ್ಲೇ ಉಳಿಸಿ ಮುಚ್ಚುವ ಆಯ್ಕೆಯನ್ನು ಒತ್ತಿದರೆ, ಮತ್ತೆ ತೆರೆದಾಗ ಅದೇ ವಾಕ್ಯದಿಂದ ಮುಂದುವರಿಯಬಹುದು.

ಮ್ಯಾಕ್‌ನವರ ಕಥೆ ಬೇರೆ. 2020ರ ನವೆಂಬರ್‌ನಿಂದ ಆಪಲ್ ಇಂಟೆಲ್ ಬಿಟ್ಟು ಎಆರ್‌ಎಂ ಬಗೆಯ ತನ್ನದೇ ಎಂ ಸರಣಿಯ ಚಿಪ್‌ಗಳಿಗೆ ಹೊರಳಿತು. ಅಂಥ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ, ಹಾಗಾಗಿ ವಿಂಡೋಸನ್ನು ಪಕ್ಕದಲ್ಲಿ ಹಾಕಿ ಬೇಕಾದಾಗ ಅದರಲ್ಲೇ ಶುರು ಮಾಡುವ ಹಳೆಯ ಉಪಾಯ ನಡೆಯದು. ಪ್ಯಾರಲಲ್ಸ್ ತಂತ್ರಾಂಶದ ಒಳಗೆ ಎಆರ್‌ಎಂ ಚಿಪ್‌ಗಳ ವಿಂಡೋಸ್ 11 ಬಳಸಲು ಮೈಕ್ರೋಸಾಫ್ಟ್ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದೇ ಬಗೆಯ ವಿಎಂವೇರ್ ಫ್ಯೂಷನ್ 2024ರಿಂದ ಉಚಿತ. ಆ ವಿಂಡೋಸ್ ಇಂಟೆಲ್ ಚಿಪ್‌ಗೆಂದು ಬರೆದ ತಂತ್ರಾಂಶಗಳನ್ನು ಅನುಕರಣೆಯಿಂದ ಓಡಿಸುತ್ತದೆ. ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆಂದು ಭಾವಿಸಿ ಪರವಾನಗಿ ಕೊಳ್ಳಬೇಡಿ. ಪ್ರಯೋಗಾವಧಿಯಲ್ಲಿ ನಿಮ್ಮದೇ ನಿಜವಾದ ಫೈಲ್ ಹಾಕಿ ನೋಡಿ, ಆಮೇಲೆ ಹಣ ಕೊಡಿ. ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್ ನಿಮ್ಮಲ್ಲಿದ್ದರೆ ಅದು ಈ ವಿಷಯದಲ್ಲಿ ಹೊಸದಕ್ಕಿಂತ ಸರಳ.

ಈಗ ಕನ್ನಡದ ಮಾತು. ಇಂಗ್ಲಿಷ್‌ನಲ್ಲಿ ಸಿಗುವ ಸಲಹೆಗಳಲ್ಲಿ ಇದರ ಸುಳಿವೇ ಇರುವುದಿಲ್ಲ, ನಮ್ಮವರು ಹೆಚ್ಚು ಒದ್ದಾಡುವುದೂ ಇಲ್ಲೇ.

ಮೊದಲನೆಯದು ಕೀಲಿಮಣೆ. ವರ್ಚುವಲ್ ಮಷಿನ್‌ಗೆ ಹೊರಗಿನ ಲಿನಕ್ಸ್ ಕಳುಹಿಸುವುದು ಯಾವ ಕೀಲಿ ಒತ್ತಿದಿರಿ ಎಂಬುದನ್ನು ಮಾತ್ರ, ಯಾವ ಅಕ್ಷರ ಎಂಬುದನ್ನಲ್ಲ. ಆದ್ದರಿಂದ ಲಿನಕ್ಸಿನಲ್ಲಿ ಭಾಷೆಗಳ ಟೈಪಿಂಗಿಗೆ ಇರುವ ಐಬಸ್ ಮೂಲಕ ಕನ್ನಡ ಸರಿಯಾಗಿ ಮೂಡುತ್ತಿದ್ದರೂ ಒಳಗಿನ ಟ್ರಾಡೋಸಿನಲ್ಲಿ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ. ಒಳಗಿನ ವಿಂಡೋಸಿನಲ್ಲಿ ಪ್ರತ್ಯೇಕವಾಗಿ ನುಡಿಯನ್ನೋ ವಿಂಡೋಸಿನದೇ ಕನ್ನಡ ಕೀಲಿಮಣೆಯನ್ನೋ ಹಾಕಿಕೊಳ್ಳಿ, ಅಲ್ಲಿ ಟೈಪ್ ಮಾಡುವಾಗ ಹೊರಗಿನದನ್ನು ಇಂಗ್ಲಿಷಿಗೆ ಬದಲಿಸಿ. ಲಿನಕ್ಸಿನಲ್ಲೇ ಕೆಲಸ ಮಾಡುವವರು ಎಂ17ಎನ್ ಎಂಬ ಕೀಲಿಮಣೆ ವಿನ್ಯಾಸಗಳ ಸಂಗ್ರಹದ ಜೊತೆ ಬರುವ ಕೆಜಿಪಿ ವಿನ್ಯಾಸವನ್ನು ಆರಿಸಿಕೊಂಡರೆ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವ ಕಷ್ಟವಿಲ್ಲ.

ಎರಡನೆಯದು ಕಣ್ಣಿಗೆ ಕಾಣದ್ದು. ಎಲ್ಲ ಭಾಷೆಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಮಾನದಂಡವಾದ ಯೂನಿಕೋಡಿನಲ್ಲಿ 'ಕೋ' ಎಂಬುದನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆದಿಡಬಹುದು. 'ಕ'ಕಾರದ ಜೊತೆ ಓಕಾರದ ಒಂದೇ ಚಿಹ್ನೆ ಇರಬಹುದು. ಒಕಾರದ ಚಿಹ್ನೆ, ಅದರ ಮುಂದೆ ದೀರ್ಘದ ಚಿಹ್ನೆ ಬೇರೆಯಾಗಿ ಇರಬಹುದು. ಎಕಾರ, ಊಕಾರ, ದೀರ್ಘ ಎಂದು ಮೂರಾಗಿಯೂ ಒಡೆದಿರಬಹುದು. ತೆರೆಯ ಮೇಲೆ ಮೂರೂ ಒಂದೇ. ಆದರೆ ಪದಕೋಶದಲ್ಲಿ 'ಕೊಳೆ ರೋಗ' ಒಂದು ಬಗೆಯಲ್ಲಿದ್ದು ಫೈಲಿನಲ್ಲಿ ಇನ್ನೊಂದು ಬಗೆಯಲ್ಲಿದ್ದರೆ, ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸದ ತಂತ್ರಾಂಶಕ್ಕೆ ಅವು ಬೇರೆ ಬೇರೆ ಪದಗಳು. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವಾಗ ಹೊಂದಿಕೆ ಹುಡುಕುವುದು ಇಂಗ್ಲಿಷ್ ಬದಿಯಲ್ಲಿ, ಹಾಗಾಗಿ ಇದು ಅಷ್ಟು ಬಾಧಿಸುವುದಿಲ್ಲ. ಕನ್ನಡದಿಂದ ಇಂಗ್ಲಿಷಿಗೆ ಮಾಡುವವರ ಮೆಮೊರಿ ಮಾತ್ರ ಇದ್ದೂ ಇಲ್ಲದಂತಾಗುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಹೀಗೆ ಒಡೆದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಜಿಪ್ ಮಾಡಿ ತಂದ ಕನ್ನಡ ಹೆಸರಿನ ಫೈಲುಗಳು ಲಿನಕ್ಸಿನಲ್ಲಿ ಹುಡುಕಿದರೂ ಸಿಗದಿರುವುದಕ್ಕೆ ಇದು ಒಂದು ಕಾರಣ. ಫೈಲಿನ ಹೆಸರನ್ನು ಇಂಗ್ಲಿಷಿನಲ್ಲಿ, ಎಲ್ಲವನ್ನೂ ಸಣ್ಣ ಅಕ್ಷರಗಳಲ್ಲಿ ಇಡಿ ಎಂದು ನಾನು ಹೇಳುವುದು ಇದಕ್ಕೇ. ಸಣ್ಣಕ್ಷರ ದೊಡ್ಡಕ್ಷರಗಳನ್ನು ವಿಂಡೋಸ್ ಒಂದೆಂದೇ ನೋಡಿದರೆ ಲಿನಕ್ಸ್ ಬೇರೆ ಬೇರೆ ಎಂದು ನೋಡುತ್ತದೆ.

ಪರಿಹಾರ ಸುಲಭ. ಒಡೆದದ್ದನ್ನು ಕೂಡಿಸುವ ಒಂದು ನಿಗದಿತ ರೂಪ ಯೂನಿಕೋಡಿನಲ್ಲಿದೆ, ಅದರ ಹೆಸರು ಎನ್‌ಎಫ್‌ಸಿ. ಲಿನಕ್ಸಿನಲ್ಲಿ ಯುಕಾನ್ವ್ ಎಂಬ ಪುಟ್ಟ ಸಲಕರಣೆ ಇಡೀ ಮೆಮೊರಿಯನ್ನು ಒಂದೇ ಆಜ್ಞೆಯಲ್ಲಿ ಆ ರೂಪಕ್ಕೆ ತರುತ್ತದೆ. ಮೆಮೊರಿಯನ್ನು ಮೊದಲು ಟಿಎಂಎಕ್ಸ್ ಎಂಬ ವಿನಿಮಯ ರೂಪದಲ್ಲಿ ಹೊರತೆಗೆಯಿರಿ, ಮೂಲದ ಒಂದು ನಕಲು ಬದಿಗಿಡಿ, ಆಮೇಲೆ ಶುದ್ಧಮಾಡಿ. 'ಸಾಫ್ಟ್‌ವೇರ್' ಎಂದು ಬಿಡಿಸಿ ಬರೆಯಲು, 'ರ‍್ಯಾಂಕ್'ನಲ್ಲಿ ಅರ್ಕಾವೊತ್ತು ಬಾರದಂತೆ ತಡೆಯಲು ಬಳಸುವ ಅದೃಶ್ಯ ಅಕ್ಷರಗಳನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಅವನ್ನು ಒಟ್ಟಿಗೆ ಅಳಿಸಿಹಾಕಲು ಹೋಗಬೇಡಿ, ಪದಗಳ ರೂಪವೇ ಕೆಡುತ್ತದೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಯೂನಿಕೋಡ್ ಅಲ್ಲದ ದಾಖಲೆಗಳು ಈಗಲೂ ಬರುತ್ತಿವೆ. ಅವನ್ನು ಯಾವ ಆಪರೇಟಿಂಗ್ ಸಿಸ್ಟಂ ಆದರೂ ಯೂನಿಕೋಡಿಗೆ ಬದಲಿಸದೆ ಮೆಮೊರಿಗೆ ಸೇರಿಸಬಾರದು. ಸೇರಿಸಿದರೆ ಒಳಗೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ಬ್ರೌಸರಿನಲ್ಲೇ ನಡೆಯುವ ಫ್ರೇಸ್, ಸ್ಮಾರ್ಟ್‌ಕ್ಯಾಟ್, ಮೇಟ್‌ಕ್ಯಾಟ್‌ಗಳಿಗೆ ಆಪರೇಟಿಂಗ್ ಸಿಸ್ಟಂನ ಹಂಗಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಸಂಪರ್ಕ ಇರುವವರಿಗೆ ಅವು ಒಳ್ಳೆಯ ಆಯ್ಕೆ. ಘಟ್ಟದ ಅಂಚಿನ ಮನೆಗಳಲ್ಲಿ ಮಳೆಗಾಲದ ನೆಟ್‌ವರ್ಕ್ ನಂಬಿ ಗಡುವು ಒಪ್ಪಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಏಜೆನ್ಸಿ ಅನುಮತಿಸಿದರೆ ದ್ವಿಭಾಷಾ ಎಕ್ಸ್‌ಲಿಫ್ ಇಳಿಸಿಕೊಂಡು ಒಮೆಗಾಟಿಯಲ್ಲಿ ಕೆಲಸ ಮುಗಿಸಿ, ಸಂಪರ್ಕ ಬಂದಾಗ ಏರಿಸಿ. ಈ ಅನುಮತಿಯನ್ನು ಕೆಲಸ ಒಪ್ಪುವಾಗಲೇ ಕೇಳಿಟ್ಟುಕೊಳ್ಳಿ.

ಟ್ರಾಡೋಸ್ ಹಾಕಿದ ವರ್ಚುವಲ್ ಮಷಿನ್ ಇನ್ನು ಬೇಡವೆನಿಸಿ ಅಳಿಸುವವರು, ಅಥವಾ ಲ್ಯಾಪ್‌ಟಾಪ್ ಬದಲಿಸುವವರು, ಮೊದಲು ಅದರೊಳಗೆ ಹೋಗಿ ಪರವಾನಗಿಯನ್ನು ನಿಷ್ಕ್ರಿಯಗೊಳಿಸಬೇಕು. ಅದು ಆ ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ವರ್ಚುವಲ್ ಡಿಸ್ಕನ್ನು ಹಾಗೇ ಅಳಿಸಿದರೆ ಪರವಾನಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಕಂಪನಿಗೆ ಬರೆದು ಉತ್ತರಕ್ಕೆ ಕಾಯಬೇಕಾಗುತ್ತದೆ. ನಿಷ್ಕ್ರಿಯಗೊಳಿಸಲು ಇಂಟರ್‌ನೆಟ್ ಬೇಕು, ಆದ್ದರಿಂದ ನೆಟ್‌ವರ್ಕ್ ಇರುವ ದಿನವೇ ಈ ಕೆಲಸ ಮಾಡಿ.