ನಿಮ್ಮ ಫೋನ್ ಎಲ್ಲಿದೆ ಅಂತ ಟವರ್‌ಗೆ ಎಷ್ಟು ಗೊತ್ತು?

ಎಂ.ಜಿ. ರೋಡ್ ಸ್ಟೇಷನ್ ಬಿಟ್ಟು ಮೆಜೆಸ್ಟಿಕ್ ಕಡೆ ಹೊರಟ ನೇರಳೆ ಮಾರ್ಗದ ಮೆಟ್ರೊ, ಕಬ್ಬನ್ ಪಾರ್ಕ್ ಬರುವ ಮೊದಲೇ ನೆಲದೊಳಕ್ಕೆ ಇಳಿಯುತ್ತದೆ. ಫೋನಿನಲ್ಲಿ ಮಾತಾಡುತ್ತಿದ್ದವರು "ಅಂಡರ್‌ಗ್ರೌಂಡ್ ಬಂತು, ಕಟ್ ಆಗಬಹುದು, ಆಮೇಲೆ ಮಾಡ್ತೀನಿ" ಅನ್ನುತ್ತಾರೆ. ಮುಂದೆ ಸುರಂಗ ಇದೆ ಅಂತ ಅವರಿಗೆ ಗೊತ್ತು. ಅವರ ಕರೆಯನ್ನು ನಡೆಸುತ್ತಿರುವ ನೆಟ್‌ವರ್ಕ್‌ಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಹೊರಗಿನ ಟವರಿನ ಸಿಗ್ನಲ್ ಕುಸಿಯತೊಡಗಿದ ಮೇಲೆಯೇ ಅದು ಎಚ್ಚರವಾಗುವುದು. ಫೋನಿನ ಒಳಗೇ ಜಿಪಿಎಸ್ ಇದೆ. ತಾನು ಯಾವ ರಸ್ತೆಯಲ್ಲಿದ್ದೇನೆ ಅಂತ ಕೆಲವೇ ಮೀಟರ್ ಹೆಚ್ಚುಕಡಿಮೆಯಲ್ಲಿ ಹೇಳುವ ಯಂತ್ರ ಅದು. ಹಾಗಿದ್ದ ಮೇಲೆ ಕರೆ ಕಟ್ ಆಗದಂತೆ ನೋಡಿಕೊಳ್ಳಲು ಆ ಮಾಹಿತಿಯನ್ನು ಬಳಸಬಹುದಲ್ವಾ?

ಬಳಸಬಹುದು. ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ.

ಮಾತಿನ ನಡುವೆ ಕರೆಯನ್ನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟಿಸುವ ಕೆಲಸಕ್ಕೆ ಹ್ಯಾಂಡೋವರ್ ಅನ್ನುತ್ತಾರೆ. ನೀವು ಸುಮ್ನೆ ಮಾತಾಡುತ್ತಿರುವಾಗಲೂ ಫೋನ್ ಅಕ್ಕಪಕ್ಕದ ಟವರುಗಳ ಸಿಗ್ನಲ್ ಅಳೆಯುತ್ತಲೇ ಇರುತ್ತದೆ. 2ಜಿ ಕಾಲದಲ್ಲೇ ಈ ಪದ್ಧತಿ ಇತ್ತು. ಚೆನ್ನಾಗಿ ಕೇಳಿಸುವ ಆರು ನೆರೆಯ ಟವರುಗಳ ಪಟ್ಟಿಯನ್ನು ಫೋನ್ ಪ್ರತಿ 480 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು ಎರಡು ಸಲ, ನೆಟ್‌ವರ್ಕ್‌ಗೆ ಕಳಿಸುತ್ತಿತ್ತು. ತೀರ್ಮಾನ ಮಾತ್ರ ನೆಟ್‌ವರ್ಕಿನದು. 4ಜಿಯಲ್ಲಿ ನಿಯಮ ಇನ್ನಷ್ಟು ನಾಜೂಕಾಯಿತು. ಪಕ್ಕದ ಟವರಿನ ಸಿಗ್ನಲ್ ಈಗಿನ ಟವರಿಗಿಂತ ಇಂತಿಷ್ಟು ಜಾಸ್ತಿ ಇರಬೇಕು, ಅದೂ ಇಂತಿಷ್ಟು ಹೊತ್ತು ಜಾಸ್ತಿಯೇ ಇರಬೇಕು. ಆಗ ಮಾತ್ರ ಬದಲಾವಣೆಯ ಮಾತು. ಈ ತಾಳ್ಮೆ ಇಲ್ಲದಿದ್ದರೆ ಎರಡು ಟವರುಗಳ ನಡುವೆ ನಿಂತ ಫೋನ್ ಆಚೆಗೊಮ್ಮೆ ಈಚೆಗೊಮ್ಮೆ ಹಾರುತ್ತಲೇ ಇರುತ್ತದೆ.

ಸುರಂಗದ ಬಾಯಲ್ಲಿ ಮುಳುವಾಗುವುದು ಇದೇ ತಾಳ್ಮೆ. ಮೆಟ್ರೊ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಬಯಲಿನಲ್ಲಿ ನಿಧಾನವಾಗಿ ಇಳಿಯುವ ಸಿಗ್ನಲ್ ಇಲ್ಲಿ ಗೋಡೆ ಅಡ್ಡ ಬಂದ ಹಾಗೆ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. "ಆ ಟವರಿಗೆ ಹೋಗು" ಅನ್ನುವ ಆದೇಶ ಬರಬೇಕಾದದ್ದು ಹಳೆಯ ಟವರಿನಿಂದಲೇ. ಆದೇಶ ಹೊರಡುವ ಹೊತ್ತಿಗೆ ಆ ಟವರಿನ ದನಿಯೇ ಫೋನಿಗೆ ಕೇಳುತ್ತಿರುವುದಿಲ್ಲ. ಕರೆ ಕಟ್ ಆಗುವುದು ಹೊಸ ಸಿಗ್ನಲ್ ಇಲ್ಲದ್ದಕ್ಕೇ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹೊಸ ಸಿಗ್ನಲ್ ಇರುತ್ತದೆ, ಅದಕ್ಕೆ ಹೋಗು ಅನ್ನುವ ಮಾತು ಸಮಯಕ್ಕೆ ತಲುಪಿರುವುದಿಲ್ಲ.

ಜಾಗ ಗೊತ್ತುಮಾಡಿಕೊಂಡು ಕರೆ ನಡೆಸುವ ಯೋಚನೆ ಹೊಸದಲ್ಲ. ಊರನ್ನು ಸಣ್ಣ ಸಣ್ಣ ಸೆಲ್‌ಗಳಾಗಿ, ಅಂದರೆ ಒಂದೊಂದು ಟವರಿನ ವ್ಯಾಪ್ತಿಗಳಾಗಿ, ಹಂಚಿಕೊಳ್ಳುವ ಆಲೋಚನೆ 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ಅದು ವ್ಯಾಪಾರದ ಸೇವೆಯಾಗಿ ಆ ದೇಶದಲ್ಲಿ ಶುರುವಾದದ್ದು 1983ರಲ್ಲಿ, ಶಿಕಾಗೊದಲ್ಲಿ. ಆ ಮೊದಲ ವ್ಯವಸ್ಥೆಯಲ್ಲಿ ಫೋನಿಗೆ ಅಳೆಯುವ ಬುದ್ಧಿ ಇರಲಿಲ್ಲ. ಟವರುಗಳೇ ಕೆಲವು ಸೆಕೆಂಡಿಗೊಮ್ಮೆ ಫೋನಿನ ದನಿಯನ್ನು ಆಲಿಸಿ, ಯಾರಿಗೆ ಚೆನ್ನಾಗಿ ಕೇಳುತ್ತಿದೆ ಅಂತ ನೋಡುತ್ತಿದ್ದವು. ಎಂಜಿನಿಯರುಗಳು ಆ ಕೆಲಸವನ್ನು ಲೊಕೇಟಿಂಗ್ ಅಂತಲೇ ಕರೆದರು. ಅವರಿಗೆ ಬೇಕಾಗಿದ್ದದ್ದು ರಸ್ತೆ, ಮನೆ ನಂಬರ್ ಅಲ್ಲ. ಯಾವ ಟವರಿಗೆ ಈ ಫೋನ್ ಚೆನ್ನಾಗಿ ಕೇಳುತ್ತದೆ ಅನ್ನುವುದೇ ಅವರ ಪಾಲಿಗೆ ಫೋನ್ ಇರುವ ಜಾಗ. ಇವತ್ತಿಗೂ ನೆಟ್‌ವರ್ಕಿನ ಕಣ್ಣಲ್ಲಿ ಜಾಗ ಅಂದರೆ ಮುಖ್ಯವಾಗಿ ಇದೇ.

ಕರೆ ಇಲ್ಲದೆ ಫೋನ್ ಜೇಬಿನಲ್ಲಿ ಸುಮ್ಮನಿರುವಾಗ ನೆಟ್‌ವರ್ಕ್‌ಗೆ ಅಷ್ಟೂ ಗೊತ್ತಿರುವುದಿಲ್ಲ. ಹತ್ತಾರು ಟವರುಗಳನ್ನು ಸೇರಿಸಿ ಟ್ರ್ಯಾಕಿಂಗ್ ಏರಿಯಾ ಅಂತ ಒಂದು ಗುಂಪು ಮಾಡಿರುತ್ತಾರೆ. ನೀವು ಆ ಗುಂಪಿನೊಳಗೆ ಎಲ್ಲೇ ಓಡಾಡಿದರೂ ಫೋನ್ ಪ್ರತಿ ಸಲ ಟವರಿಗೆ ತಿಳಿಸುವುದಿಲ್ಲ. ಗುಂಪು ದಾಟಿದಾಗ ತಿಳಿಸುತ್ತದೆ. ದಾಟದಿದ್ದರೂ ಆಗಾಗ ಒಮ್ಮೆ "ಇದ್ದೇನೆ" ಅನ್ನುತ್ತದೆ. ನಿಮಗೆ ಕರೆ ಬಂದಾಗ ಆ ಗುಂಪಿನ ಟವರುಗಳೆಲ್ಲ ನಿಮ್ಮ ಫೋನಿನ ಗುರುತು ಹಿಡಿದು ಕೂಗುತ್ತವೆ. ಸಂಜೆ ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕೂಗುವ ಹಾಗೆ. ಯಾವ ಮೂಲೆಯಿಂದ "ಬಂದೆ" ಅಂತ ಉತ್ತರ ಬಂತೋ, ಆ ಟವರಿನ ಮೂಲಕ ಕರೆ ಸಾಗುತ್ತದೆ. ಗುಂಪು ತುಂಬ ದೊಡ್ಡದಾದರೆ ಕೂಗುವ ಕೆಲಸ ಜಾಸ್ತಿ. ತುಂಬ ಚಿಕ್ಕದಾದರೆ ಫೋನ್ ಪದೇ ಪದೇ ತಿಳಿಸಿ ಬ್ಯಾಟರಿ ಖಾಲಿ. ಈ ಎರಡರ ನಡುವಿನ ಅಳತೆ ಹುಡುಕುವುದು ನೆಟ್‌ವರ್ಕ್ ಎಂಜಿನಿಯರುಗಳ ದೊಡ್ಡ ತಲೆಬಿಸಿ. ಹೊಸೂರಿಗೆ ಹೋಗುವವರು ಈ ಗಡಿಯನ್ನು ಕಣ್ಣಾರೆ ನೋಡಿರುತ್ತಾರೆ. ಅತ್ತಿಬೆಲೆಯ ಆಸುಪಾಸಿನಲ್ಲಿ ತಮಿಳುನಾಡಿಗೆ ಸ್ವಾಗತ ಅಂತ ಮೆಸೇಜ್ ಬರುತ್ತದೆ. ಕೆಲವೊಮ್ಮೆ ರಾಜ್ಯದ ಗಡಿ ದಾಟುವ ಮೊದಲೇ ಬರುತ್ತದೆ, ಯಾಕೆಂದರೆ ರೇಡಿಯೊ ಅಲೆಗೆ ಚೆಕ್‌ಪೋಸ್ಟ್ ಇಲ್ಲ.

ಹಾಗಂತ ಟವರಿಗೆ ಏನೂ ಗೊತ್ತಿಲ್ಲ ಅಂತ ತಿಳಿಯಬಾರದು. ಮಾತು ಶುರುವಾದ ಕೂಡಲೇ ಅದಕ್ಕೆ ನಿಮ್ಮ ದೂರ ತಿಳಿಯುತ್ತದೆ, ಜಿಪಿಎಸ್ ಮುಟ್ಟದೆಯೇ. ಎಲ್ಲ ಫೋನುಗಳ ಸಂದೇಶವೂ ಟವರಿಗೆ ತಂತಮ್ಮ ಸರದಿಯ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಬೇಕು. ದೂರದ ಫೋನಿನ ಅಲೆ ತಡವಾಗಿ ಬರುವುದರಿಂದ, "ನೀನು ಸ್ವಲ್ಪ ಮೊದಲೇ ಕಳಿಸು" ಅಂತ ಟವರ್ ಹೇಳುತ್ತದೆ. ಎಷ್ಟು ಮೊದಲು ಅನ್ನುವ ಲೆಕ್ಕವೇ ದೂರದ ಲೆಕ್ಕ. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಹೋಗುತ್ತದೆ. 2ಜಿಯಲ್ಲಿ ಈ ಲೆಕ್ಕದ ಒಂದೊಂದು ಹೆಜ್ಜೆ ಸುಮಾರು 550 ಮೀಟರ್ ಇತ್ತು, 64 ಹೆಜ್ಜೆಗಳು. ಒಂದು ಟವರ್ ಸಾಮಾನ್ಯವಾಗಿ 35 ಕಿಲೋಮೀಟರ್ ದಾಟಿ ಸೇವೆ ಕೊಡಲಾಗದ್ದಕ್ಕೆ ಇದೇ ಕಾರಣ. 4ಜಿಯಲ್ಲಿ ಹೆಜ್ಜೆ ಸುಮಾರು 78 ಮೀಟರಿಗೆ ಇಳಿಯಿತು. ಟವರಿನ ಆಂಟೆನಾಗಳನ್ನು ಹೆಚ್ಚಾಗಿ ಮೂರು ದಿಕ್ಕಿಗೆ ಹಂಚಿರುತ್ತಾರೆ. ಯಾವ ದಿಕ್ಕಿನ ಆಂಟೆನಾ, ಎಷ್ಟು ದೂರ, ಇವೆರಡು ಸೇರಿದರೆ ನಕ್ಷೆಯ ಮೇಲೆ ಒಂದು ಕಮಾನು ಮೂಡುತ್ತದೆ. ಆ ಕಮಾನಿನ ಮೇಲೆ ಎಲ್ಲೋ ನೀವಿದ್ದೀರಿ.

ಇಂಥ ಒರಟು ಗುರುತುಗಳೂ ದಿನಗಟ್ಟಲೆ ಸೇರಿದರೆ ಒಬ್ಬರ ಇಡೀ ಬದುಕು ಕಾಣಿಸುತ್ತದೆ. ಕಾರ್ಪೆಂಟರ್ ಅನ್ನುವವರ ಮೊಕದ್ದಮೆಯಲ್ಲಿ ಅಮೆರಿಕದ ಪೊಲೀಸರು 127 ದಿನಗಳ ಟವರ್ ದಾಖಲೆ ತೆಗೆಸಿದ್ದರು. ಅದರಲ್ಲಿ 12,898 ಗುರುತುಗಳಿದ್ದವು. ಇಂಥ ದಾಖಲೆ ಪಡೆಯಲು ಸಾಮಾನ್ಯವಾಗಿ ವಾರಂಟ್ ಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 2017ರ ಆಗಸ್ಟ್‌ನಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಬೆಂಗಳೂರಿನಲ್ಲೇ ಇದ್ದವರು. ಫೋನಿನ ಜಾಗವನ್ನು ಕರೆಗಾಗಿ ಬಳಸುವುದು ಬೇರೆ, ಕೂಡಿಡುವುದು ಬೇರೆ. ಕರೆ ನಡೆಸಲು ಬೇಕಾದದ್ದು ಈ ಕ್ಷಣದ ಜಾಗ ಮಾತ್ರ. ಈ ಗೆರೆ ಅಳಿಸಿಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸರಿ, ಮತ್ತೆ ಜಿಪಿಎಸ್ ವಿಚಾರ. ಅದರ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿವೆ. ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ ಇಸ್ರೋದ ಸಂಚರಣಾ ಕೇಂದ್ರವಿದೆ. ಅಲ್ಲಿಂದ ನಡೆಯುವ, ಜಿಪಿಎಸ್‌ನಂಥದೇ ನಮ್ಮ ದೇಶದ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳು ಇನ್ನೂ ಮೇಲೆ, ಸುಮಾರು 36,000 ಕಿಲೋಮೀಟರ್. ಅಷ್ಟು ದೂರದಿಂದ ಬರುವ ಕ್ಷೀಣ ಅಲೆ ಕಾಂಕ್ರೀಟ್ ಸೂರು ದಾಟಿ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿಯುವುದಿಲ್ಲ, ಸುರಂಗಕ್ಕಂತೂ ಇಲ್ಲವೇ ಇಲ್ಲ. ಜಿಪಿಎಸ್ ಸದಾ ಓಡುತ್ತಿದ್ದರೆ ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಈ ತೊಡಕುಗಳೆಲ್ಲ ಇಲ್ಲದಿದ್ದರೂ ನಕ್ಷೆಯ ಮೇಲಿನ ಬಿಂದು ಪೂರ್ತಿ ಸುದ್ದಿ ಹೇಳುವುದಿಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕ್ಕರ್ ಫ್ಲೈಓವರ್ ನೋಡಿ. ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದಕ್ಕೂ ಮೇಲೆ ಮೆಟ್ರೊ ಹಳಿ. ಮೂರೂ ಕಡೆ ಅಕ್ಷಾಂಶ ರೇಖಾಂಶ ಒಂದೇ. ಆದರೆ ಕೆಳಗಿನ ಫೋನಿಗೆ ಮೇಲಿನ ಕಾಂಕ್ರೀಟ್ ಅಡ್ಡ, ಮೇಲಿನ ಫೋನಿಗೆ ಸುತ್ತಲಿನ ಎಷ್ಟೋ ಟವರುಗಳು ಒಟ್ಟಿಗೆ ಕಾಣುತ್ತವೆ. ಎತ್ತರದ ಅಪಾರ್ಟ್‌ಮೆಂಟುಗಳಲ್ಲೂ ಇದೇ ಪಾಡು. ಇಪ್ಪತ್ತನೇ ಮಹಡಿಯ ಬಾಲ್ಕನಿಗೆ ದೂರದ ಟವರುಗಳೆಲ್ಲ ಕೇಳುತ್ತವೆ, ಯಾವುದೂ ಮಿಕ್ಕವನ್ನು ಮೀರಿಸಿ ಕೇಳುವುದಿಲ್ಲ. ಆಂಟೆನಾಗಳನ್ನು ನೆಲದ ಕಡೆ ಬಾಗಿಸಿ ಕಟ್ಟಿರುತ್ತಾರಲ್ವಾ, ಅದಕ್ಕೆ. ಪೂರ್ತಿ ಕಡ್ಡಿ ತೋರಿಸುವ ಫೋನಿನಲ್ಲೂ ಮಾತು ಒಡೆಯುವುದುಂಟು.

ಇನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಯಂಥ ಜನಜಂಗುಳಿಯಲ್ಲಿ ಸಿಗ್ನಲ್ ಚೆನ್ನಾಗಿದ್ದರೂ ಟವರಿನಲ್ಲಿ ಜಾಗ ಇರುವುದಿಲ್ಲ. ಆಗ ನೆಟ್‌ವರ್ಕ್ ಬೇಕಂತಲೇ ಕೆಲವು ಫೋನುಗಳನ್ನು ಸಿಗ್ನಲ್ ಸ್ವಲ್ಪ ಕಡಿಮೆ ಇರುವ, ಆದರೆ ಖಾಲಿ ಇರುವ ಪಕ್ಕದ ಟವರಿಗೆ ತಳ್ಳುತ್ತದೆ. ಇಲ್ಲಿ ನಕ್ಷೆ ಯಾವ ಸಹಾಯವನ್ನೂ ಮಾಡದು.

ಹಾಗಾದರೆ ಜಾಗದ ಮಾಹಿತಿ ನಿಜವಾಗಿ ಕೆಲಸಕ್ಕೆ ಬರುವುದು ಎಲ್ಲಿ? ನನ್ನ ಉತ್ತರ ಇದು: ಈಗ ಎಲ್ಲಿದ್ದೀರಿ ಅನ್ನುವುದಕ್ಕಿಂತ, ಮುಂದೆ ಎಲ್ಲಿರುತ್ತೀರಿ ಅಂತ ಊಹಿಸಲು. ಹಳಿಯ ಮೇಲೆ ಹೋಗುವ ಫೋನಿಗೆ ಹೋಗಲು ಒಂದೇ ದಾರಿ. ಎಂ.ಜಿ. ರೋಡ್ ಆದ ಮೇಲೆ ಕಬ್ಬನ್ ಪಾರ್ಕೇ ಬರಬೇಕು. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಸಂಸ್ಥೆ 2020ರಲ್ಲಿ ಮುಗಿಸಿದ ಆವೃತ್ತಿಯಲ್ಲಿ ಷರತ್ತಿನ ಹ್ಯಾಂಡೋವರ್ ಅನ್ನುವ ಉಪಾಯ ಸೇರಿತು. ಸಿಗ್ನಲ್ ಇನ್ನೂ ಚೆನ್ನಾಗಿರುವಾಗಲೇ ಹಳೆಯ ಟವರ್ ಆದೇಶ ಕೊಟ್ಟಿಡುತ್ತದೆ: "ಇಂಥ ಸ್ಥಿತಿ ಬಂದರೆ ನನ್ನನ್ನು ಕೇಳಬೇಡ, ನೇರ ಆ ಟವರಿಗೆ ಹೋಗು." ಮುಂದಿನ ಟವರೂ ಜಾಗ ಕಾದಿಟ್ಟಿರುತ್ತದೆ. ಸುರಂಗದ ಬಾಯಿಯಲ್ಲಿ ಬೇಕಾಗಿರುವುದು ಇದೇ ಅಲ್ವಾ?

ಟವರ್ ಸಿಗ್ನಲ್ ಎಲ್ಲಿ ಕೆಟ್ಟಿದೆ ಅಂತ ಪತ್ತೆ ಹಚ್ಚಲೂ ಜಾಗ ಬೇಕು. ಇದಕ್ಕಾಗಿ ಕಾರಿನಲ್ಲಿ ಫೋನುಗಳನ್ನಿಟ್ಟುಕೊಂಡು ಊರೆಲ್ಲ ಸುತ್ತಿ ಅಳೆಯುತ್ತಾರೆ, ಅದಕ್ಕೆ ಡ್ರೈವ್ ಟೆಸ್ಟ್ ಅನ್ನುತ್ತಾರೆ. ಕಾರು ಹೋಗದ ಗಲ್ಲಿ, ಮನೆಯ ಒಳಕೋಣೆ ಅದರಲ್ಲಿ ಬಿಟ್ಟುಹೋಗುತ್ತವೆ. ಬಳಕೆದಾರರು ಒಪ್ಪಿದರೆ ಅವರ ಫೋನುಗಳೇ ಅಳತೆಯನ್ನೂ ಜಾಗವನ್ನೂ ಸೇರಿಸಿ ಕಳಿಸುವ ವ್ಯವಸ್ಥೆ 4ಜಿ ಮಾನದಂಡದಲ್ಲೇ ಬಂದಿದೆ.

ಉಪಗ್ರಹದ ಮೂಲಕ ಮಾತಾಡುವ ಫೋನುಗಳ ವಿಷಯಕ್ಕೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಭೂಮಿಗೆ ಹತ್ತಿರದ ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಂದರೆ ನಾವು ನಿಂತಲ್ಲೇ ನಿಂತಿದ್ದರೂ ಟವರೇ ಓಡಿಹೋಗುತ್ತಿದೆ. ಅದರ ವೇಗದಿಂದ ಅಲೆಯ ಆವರ್ತನ ಬದಲಾಗುತ್ತದೆ, ದೂರ ಕ್ಷಣಕ್ಷಣಕ್ಕೂ ಬೇರೆಯಾಗುತ್ತದೆ. ಇನ್ನೂ ಒಂದು ವಿಶೇಷ: ಉಪಗ್ರಹದ ಒಂದು ಕಿರಣ ಬೀಳುವ ಪ್ರದೇಶದ ನಡುವೆ ಮತ್ತು ಅಂಚಿನಲ್ಲಿ ಸಿಗ್ನಲ್ ಬಲಕ್ಕೆ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ನೆಲದ ಟವರುಗಳಿಗೆ ದಾರಿ ತೋರಿಸುತ್ತಿದ್ದ ಅಳತೆಯೇ ಇಲ್ಲಿ ಕೈಕೊಡುತ್ತದೆ. ಅದಕ್ಕೇ 3ಜಿಪಿಪಿಯ 2022ರ ಆವೃತ್ತಿಯಲ್ಲಿ, ಉಪಗ್ರಹವನ್ನು ಸಂಪರ್ಕಿಸುವ ಮೊದಲು ಫೋನ್ ತನ್ನ ಜಾಗ ತಿಳಿದಿರಬೇಕು ಅಂತ ನಿಯಮ ಮಾಡಿದರು. ಎಷ್ಟು ದೂರ ಬಂದೆವು ಅನ್ನುವ ಲೆಕ್ಕದ ಮೇಲೆಯೇ ಹ್ಯಾಂಡೋವರ್ ಮಾಡುವುದಕ್ಕೂ ಅವಕಾಶ ಕೊಟ್ಟರು.

ಜಾಗ ಎಲ್ಲಕ್ಕಿಂತ ಮುಖ್ಯವಾಗುವ ಕರೆ ಒಂದಿದೆ. ಅದು ತುರ್ತು ಕರೆ. ಬೆಂಗಳೂರಿನ ವಿಳಾಸಗಳು ನಿಮಗೆ ಗೊತ್ತಲ್ಲ. 5ನೇ ಕ್ರಾಸ್, 3ನೇ ಮೇನ್ ಅಂದರೆ ಸಾಲದು. ಅದು ಜಯನಗರದಲ್ಲೂ ಇದೆ, ಇನ್ನೆಷ್ಟೋ ಬಡಾವಣೆಗಳಲ್ಲೂ ಇದೆ. ಎದೆ ಹಿಡಿದು ಕೂತವರ ಪಕ್ಕ ನಿಂತು ವಿಳಾಸ ಹೇಳುವಾಗ ಯಾರಿಗಾದರೂ ನಾಲಿಗೆ ತೊಡರುತ್ತದೆ. ಕರೆ ಯಾವ ಟವರಿನಿಂದ ಬಂತು ಅನ್ನುವುದಷ್ಟೇ ಗೊತ್ತಿದ್ದರೆ ಹುಡುಕಬೇಕಾದ ಪ್ರದೇಶ ಒಂದು ಬಡಾವಣೆಯಷ್ಟಿರುತ್ತದೆ. ಮನೆಯ ವೈಫೈ ಮೂಲಕ ಕರೆ ಹೋದರೆ ಟವರಿನ ಆ ಸುಳಿವೂ ಸಿಗದೆ ಹೋಗಬಹುದು.

ಇದಕ್ಕೆ ಬ್ರಿಟನ್ನಿನಲ್ಲಿ 2014ರಲ್ಲಿ ಒಂದು ದಾರಿ ಹುಡುಕಿದರು. ತುರ್ತು ನಂಬರ್ ಒತ್ತಿದ ಕೂಡಲೇ ಫೋನ್ ತಾನಾಗಿಯೇ ಲೊಕೇಶನ್ ಆನ್ ಮಾಡಿಕೊಂಡು, ಜಾಗವನ್ನು ಸಂದೇಶವಾಗಿ ಕಳಿಸುತ್ತದೆ. ಕರೆ ಮಾಡಿದವರು ಏನೂ ಒತ್ತಬೇಕಿಲ್ಲ. 2016ರಲ್ಲಿ ಆಂಡ್ರಾಯ್ಡ್‌ಗೂ, 2018ರಲ್ಲಿ ಐಫೋನಿಗೂ ಇದು ಬಂತು. ನಮ್ಮಲ್ಲಿ 2016ರಲ್ಲಿ ಮಾಡಿದ ನಿಯಮದಂತೆ 2017ರಿಂದ ಎಲ್ಲ ಹೊಸ ಫೋನುಗಳಲ್ಲಿ ಪ್ಯಾನಿಕ್ ಬಟನ್, 2018ರಿಂದ ಜಿಪಿಎಸ್ ಇರಲೇಬೇಕು. ಆದರೆ ಫೋನ್ ಕಳಿಸಿದರೆ ಸಾಲದು, ಕರೆ ಸ್ವೀಕರಿಸುವ ಕೇಂದ್ರದಲ್ಲಿ ಅದನ್ನು ಪಡೆದು ಓದುವ ಏರ್ಪಾಡೂ ಇರಬೇಕು. ಈ ಕೆಲಸಕ್ಕೆ ಹಾಕುವ ಪ್ರತಿ ರೂಪಾಯಿಯೂ ಸಾರ್ಥಕ ಅಂತ ನಾನು ನಂಬಿದ್ದೇನೆ.

ಅದೆಲ್ಲ ಸರಿಯಾದ ಮೇಲೂ ಎತ್ತರದ ಪ್ರಶ್ನೆ ಉಳಿಯುತ್ತದೆ. ಗೇಟಿನವರೆಗೆ ಬಂದ ಆಂಬುಲೆನ್ಸ್‌ನವರು ಯಾವ ಮಹಡಿಗೆ ಓಡಬೇಕು? ಅಮೆರಿಕದ ನಿಯಂತ್ರಕರು 2019ರಲ್ಲಿ ಇದಕ್ಕೂ ಒಂದು ಗುರಿ ಇಟ್ಟರು: 80 ಶೇಕಡಾ ತುರ್ತು ಕರೆಗಳಲ್ಲಿ ಫೋನಿನ ಎತ್ತರ ಮೂರು ಮೀಟರ್ ಹೆಚ್ಚುಕಡಿಮೆಯೊಳಗೆ ತಿಳಿಯಬೇಕು. ಮೂರು ಮೀಟರ್ ಅಂದರೆ ಸುಮಾರು ಒಂದು ಮಹಡಿ. ಕೆಲವು ಫೋನುಗಳಲ್ಲಿರುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದಕ್ಕೆ ನೆರವಾಗುತ್ತದೆ. ಎಲ್ಲ ಫೋನಿನಲ್ಲೂ ಅದಿಲ್ಲ. ಹಾಗಾಗಿ 112ಕ್ಕೋ 108ಕ್ಕೋ ಕರೆ ಮಾಡಿದಾಗ ಬಡಾವಣೆಯ ಹೆಸರು ಮೊದಲು ಹೇಳಿ. ಆಮೇಲೆ ಮೇನ್, ಕ್ರಾಸ್, ಹತ್ತಿರದ ಗುಡಿಯೋ ಅಂಗಡಿಯೋ. ಎಷ್ಟನೇ ಮಹಡಿ ಅನ್ನುವುದನ್ನು ಅವರು ಕೇಳದಿದ್ದರೂ ಹೇಳಿ.